ಬಾಟಿ ಅಂದರೆ ರೊಟ್ಟಿ

ಸೊರಬ ಮತ್ತು ಶಿಕಾರಿಪುರ ಕ್ಷೇತ್ರಗಳ ಶಾಸಕರಿಗೆ, ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕನೊಬ್ಬನ ಬಹಿರಂಗ ಪತ್ರ



ಕಳೆದ ಭಾನುವಾರ ರಾತ್ರಿ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನ್ ಮಾಡಿದ್ದಳು. ಶಿಕಾರಿಪುರ ತಾಲ್ಲೂಕಿನ ಒಂದು ತಾಂಡಾದ ಹುಡುಗಿ. ಡಿ.ಎಡ್. ಮುಗಿಸಿ ಈಗ ಸೊರಬದ ಕಡೆಯ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕಿ. "ಸಾರ್, ಇನ್ನೊಂದ್ ಸಲ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಕಟ್ಟಲೋ, ಇಲ್ಲ ಬೆಂಗಳೂರಿಗೆ ಹೋಗಿಬಿಡಲೋ? ಅಂಗಡೀಲಿ ಬಿಲ್ ಹಾಕೋ ಕೆಲಸ ಇದೆಯಂತೆ" ಅಂದಳು. ಮುಂದಿನ ಭಾನುವಾರ ಹೇಳ್ತೀನಮ್ಮ ಅಂದೆ. ಮೂವತ್ತು ವರ್ಷ ಪಾಠ ಮಾಡಿದವನಿಗೆ ಆ ಕ್ಷಣಕ್ಕೆ ಉತ್ತರ ಹೊಳೆಯಲಿಲ್ಲ. ಯೋಚಿಸುತ್ತಾ ಕೂತಾಗ, ಇದಕ್ಕೆ ಉತ್ತರ ಕೊಡಬೇಕಾದವರಲ್ಲಿ ನೀವೂ ಇದ್ದೀರಿ ಅನ್ನಿಸಿತು.

ನಿಮಗೇ ಯಾಕೆ ಬರೆಯುತ್ತಿದ್ದೇನೆಂದರೆ, 2023ರಲ್ಲಿ ಶಾಲಾ ಶಿಕ್ಷಣ ಖಾತೆ ಸೊರಬದ ಮಧು ಬಂಗಾರಪ್ಪನವರಿಗೆ ಬಂತು. ಅದೇ ವರ್ಷ ಪ್ರಮುಖ ವಿರೋಧ ಪಕ್ಷದ ರಾಜ್ಯಾಧ್ಯಕ್ಷ ಸ್ಥಾನ ಶಿಕಾರಿಪುರದ ಬಿ.ವೈ. ವಿಜಯೇಂದ್ರ ಅವರಿಗೆ ಬಂತು. ಇನ್ನೊಂದು ಋಣವೂ ಇದೆ. ಸೊರಬದ ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾಗಿದ್ದ ಕಾಲದ ಗ್ರಾಮೀಣ ಕೃಪಾಂಕ ಇಲ್ಲದಿದ್ದರೆ ನನ್ನಂಥ ಹಳ್ಳಿ ಹುಡುಗನ ಹೆಸರು ಮೇಷ್ಟ್ರ ಆಯ್ಕೆ ಪಟ್ಟಿಗೆ ಏರುತ್ತಿರಲಿಲ್ಲ. ಶಿಕಾರಿಪುರದ ಬಿ.ಎಸ್. ಯಡಿಯೂರಪ್ಪನವರು ಹಣಕಾಸು ಸಚಿವರಾಗಿದ್ದಾಗ, 2006–07ರಲ್ಲಿ ಶುರುವಾದ ಸೈಕಲ್ ಯೋಜನೆ ಇಲ್ಲದಿದ್ದರೆ ಈ ಹುಡುಗಿಯನ್ನು ಅವಳ ಅಪ್ಪ ಹೈಸ್ಕೂಲಿಗೆ ಕಳಿಸುತ್ತಿರಲಿಲ್ಲ. ನಾನು ಕಲಿಸಿದ್ದು, ಅವಳು ಕಲಿತದ್ದು, ಎರಡರಲ್ಲೂ ನಿಮ್ಮ ಎರಡು ಊರುಗಳ ಪಾಲಿದೆ.

ಅವಳು ಒಂದನೇ ಕ್ಲಾಸಿಗೆ ಬಂದಾಗ ನಲಿ–ಕಲಿ ನಮ್ಮ ಶಾಲೆಗೆ ಬಂದು ಹೆಚ್ಚು ದಿನ ಆಗಿರಲಿಲ್ಲ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೇಷ್ಟ್ರುಗಳೇ ಸೇರಿ ಕಟ್ಟಿದ, ಮಕ್ಕಳು ಕಾರ್ಡುಗಳ ಮೂಲಕ ಕಲಿಯುವ ಪದ್ಧತಿ ಅದು, 2009–10ರ ಹೊತ್ತಿಗೆ ರಾಜ್ಯಕ್ಕೆಲ್ಲ ಹರಡಿತು. ಒಂದು ಕಾರ್ಡಿನಲ್ಲಿ ರೊಟ್ಟಿಯ ಚಿತ್ರವಿತ್ತು. ಬೆರಳಿಟ್ಟು "ಇದೇನು?" ಅಂದೆ. "ಬಾಟಿ" ಅಂದಳು. ಪಕ್ಕದ ಮಕ್ಕಳು ಕಿಸಕ್ಕನೆ ನಕ್ಕರು. ಅವಳು ಕೈ ಹಿಂದಕ್ಕೆ ಎಳೆದುಕೊಂಡು ಲಂಗದಲ್ಲಿ ಒರೆಸಿಕೊಂಡಳು, ತಪ್ಪು ಬೆರಳಿಗೆ ಮೆತ್ತಿಕೊಂಡಿದೆಯೇನೋ ಎಂಬಂತೆ. ಅವಳ ಮನೆಮಾತು ಲಂಬಾಣಿ, ಅಲ್ಲಿ ರೊಟ್ಟಿಗೆ ಬಾಟಿ ಅನ್ನುತ್ತಾರೆ, ನೀರಿಗೆ ಪಾಣಿ. ಆರು ವರ್ಷದ ಮಗು ಹೇಳಿದ್ದು ಸರಿಯಾಗಿಯೇ ಇತ್ತು, ಗೊತ್ತಿಲ್ಲದವನು ನಾನು. ಬೋರ್ಡಿನ ಮೇಲೆ ಎರಡೂ ಪದ ಬರೆದೆ. ಬಾಟಿ, ರೊಟ್ಟಿ. ಮರುದಿನ ಬಾಗಿಲಲ್ಲೇ ನಿಲ್ಲಿಸಿ ಹತ್ತು ಪದ ಹೇಳಿಕೊಟ್ಟಳು. ನನ್ನ ಉಚ್ಚಾರಣೆ ಮೂರು ಸಲ ತಿದ್ದಿದಳು.

ಆ ವಾರವೇ ಒಬ್ಬ ಅಧಿಕಾರಿ ತಪಾಸಣೆಗೆ ಬಂದರು. ಹಾಜರಿ ಪುಸ್ತಕ ಕೇಳಲಿಲ್ಲ, ಕುರ್ಚಿ ಬೇಡ ಅಂದರು. ಹಿಂದೆ ಮಕ್ಕಳ ಜೊತೆ ಚಾಪೆಯ ಮೇಲೆ ಕೂತು ಮುಕ್ಕಾಲು ಗಂಟೆ ಪಾಠ ಕೇಳಿದರು. ಹೋಗುವಾಗ ಸಂದರ್ಶನ ಪುಸ್ತಕದಲ್ಲಿ ಒಂದೇ ಸಾಲು ಬರೆದರು: "ಈ ಶಾಲೆಯಲ್ಲಿ ಮಗು ಮೇಷ್ಟ್ರಿಗೂ ಕಲಿಸುತ್ತಿದೆ." ಅದರ ಜೆರಾಕ್ಸ್ ಇವತ್ತಿಗೂ ನನ್ನ ಟ್ರಂಕಿನಲ್ಲಿದೆ. ಆಮೇಲಿನ ಎಷ್ಟೋ ಕಷ್ಟದ ದಿನಗಳನ್ನು ಆ ಸಾಲಿನ ಬಲದ ಮೇಲೆ ದಾಟಿದ್ದೇನೆ. ನಾನು ಮಾಡುತ್ತಿರುವುದು ಏನೆಂದು ಒಬ್ಬರು ಕಣ್ಣಿಟ್ಟು ನೋಡಿದರು, ನನಗೆ ಅಷ್ಟು ಸಾಕಾಯಿತು.

ವರ್ಷಗಳ ನಂತರ ಬೇರೆ ಶಾಲೆಗೆ ಬೇರೊಬ್ಬರು ಬಂದರು. ಬಂದವರೇ ಮೊಬೈಲ್ ತೆಗೆದು, ಮಕ್ಕಳ ಮಾಹಿತಿ ಆನ್‌ಲೈನಿನಲ್ಲಿ ಯಾಕೆ ಅಪ್ಡೇಟ್ ಆಗಿಲ್ಲ ಎಂದು ತರಗತಿಯ ನಡುವೆಯೇ ಏರುದನಿಯಲ್ಲಿ ಕೇಳಿದರು. ಮೂರು ದಿನದಿಂದ ನೆಟ್‌ವರ್ಕ್ ಇರಲಿಲ್ಲ, ಮಳೆಗಾಲ. ಹೇಳಲು ಬಿಡಲಿಲ್ಲ. ಅವರ ಜೀಪು ತಿರುವು ದಾಟಿದ ಮೇಲೆ ನಾಲ್ಕನೇ ಕ್ಲಾಸಿನ ಹುಡುಗನೊಬ್ಬ ಮೆಲ್ಲಗೆ ಕೇಳಿದ: "ಸಾರ್, ನಿಮಗೂ ಬೈತಾರಾ?" ಆ ಮಧ್ಯಾಹ್ನ ನನ್ನಿಂದ ಪಾಠ ಸಾಗಲಿಲ್ಲ. ಲೆಕ್ಕ ಕೊಟ್ಟು ಕಿಟಕಿಯ ಹತ್ತಿರ ನಿಂತುಬಿಟ್ಟೆ.

ಮೇಷ್ಟ್ರುಗಳಿಗೆ ಸಂಬಳ ಸಾಲದೆ ಮನಸ್ಸು ಕುಗ್ಗಿದೆ ಎಂದು ಕೆಲವರು, ಸಂಬಳ ಹೆಚ್ಚಾಗಿ ಮೈಗಳ್ಳರಾಗಿದ್ದಾರೆ ಎಂದು ಇನ್ನು ಕೆಲವರು. ಇಂಡೊನೇಷ್ಯಾದಲ್ಲಿ 2005ರ ಕಾನೂನಿನಡಿ ಪ್ರಮಾಣಪತ್ರ ಪಡೆದ ಶಿಕ್ಷಕರ ಮೂಲವೇತನ ದುಪ್ಪಟ್ಟಾಯಿತು. ಅದನ್ನು ಅಧ್ಯಯನ ಮಾಡಿದ ಕಾರ್ತಿಕ್ ಮುರಳೀಧರನ್ ಮತ್ತು ಸಂಗಡಿಗರಿಗೆ ಕಂಡದ್ದು ಇಷ್ಟು: ಶಿಕ್ಷಕರಿಗೆ ನೆಮ್ಮದಿ ಸಿಕ್ಕಿತು, ಎರಡನೇ ಉದ್ಯೋಗ ಹುಡುಕುವುದು ಕಡಿಮೆಯಾಯಿತು, ಮಕ್ಕಳ ಕಲಿಕೆ ಮಾತ್ರ ಇದ್ದಲ್ಲೇ ಇತ್ತು. ಸಂಬಳ ಪೂರ್ತಿ ಬರುವವರ ಮಟ್ಟಿಗೆ ಇದನ್ನು ಒಪ್ಪುತ್ತೇನೆ, ನನಗೆ ಬಂದ ಸಂಬಳದ ಬಗ್ಗೆ ನನ್ನ ದೂರೂ ಇಲ್ಲ. ಆದರೆ ಅತಿಥಿ ಶಿಕ್ಷಕಿಯ ಮುಂದೆ ಈ ವಾದ ಹೂಡಬೇಡಿ. 2025ರ ಬಜೆಟ್ಟಿನಲ್ಲಿ 2,000 ಹೆಚ್ಚಿಸಿದ ಮೇಲೆ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,000 ರೂಪಾಯಿ ಗೌರವಧನ. ಬೇಸಿಗೆ ರಜೆಗೆ ಅದೂ ಇಲ್ಲ. ಬಸ್ಸಿಳಿದು ಎರಡು ಮೈಲಿ ನಡೆದು ಹೋಗುವವಳು ಏಪ್ರಿಲ್‌ನಲ್ಲಿ ಅಪ್ಪನ ಜೊತೆ ಶುಂಠಿ ಹೊಲಕ್ಕೆ ಕೂಲಿಗೆ ಹೋಗುತ್ತಾಳೆ.

ಸಂಬಳ ಪೂರ್ತಿ ಬರುವ ಉಳಿದ ಶಿಕ್ಷಕರನ್ನು ಹಣ್ಣು ಮಾಡುತ್ತಿರುವುದು ಬೇರೆ. ಮೊಟ್ಟೆಯ ವಿಷಯವನ್ನೇ ತೆಗೆದುಕೊಳ್ಳಿ. 2024ರ ಸೆಪ್ಟೆಂಬರ್‌ನಿಂದ ಶಾಲಾ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಿರುವುದು ಒಳ್ಳೆಯ ಕೆಲಸ. ತಾಂಡಾದ ಮಕ್ಕಳ ಕೆನ್ನೆಯಲ್ಲಿ ಅದರ ಫಲ ಕಂಡಿದ್ದೇನೆ. ಆದರೆ ಒಂದಕ್ಕೆ ನಿಗದಿಯಾದ 6 ರೂಪಾಯಿಯೊಳಗೇ ಮೊಟ್ಟೆಯ ಬೆಲೆ, ಬೇಯಿಸುವ ಖರ್ಚು, ಸುಲಿಯುವ ಕೂಲಿ ಮುಗಿಯಬೇಕು. ಪೇಟೆಯಲ್ಲಿ ಬೆಲೆ ಏರಿದ ದಿನ ವ್ಯತ್ಯಾಸ ಹೋಗುವುದು ಮುಖ್ಯ ಶಿಕ್ಷಕರ ಜೇಬಿನಿಂದ. ಇಬ್ಬರೇ ಇರುವ ಶಾಲೆಯಲ್ಲಿ ಒಬ್ಬರು ಟ್ರೇ ತರಲು ಶಿರಾಳಕೊಪ್ಪಕ್ಕೋ ಆನವಟ್ಟಿಗೋ ಹೋದರೆ ಐದು ತರಗತಿಗಳಿಗೆ ಉಳಿಯುವುದು ಒಬ್ಬರು.

2025ರ ದಸರಾ ರಜೆಯಲ್ಲಿ ನಮ್ಮನ್ನು ಹಚ್ಚಿದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಯನ್ನೂ ಹೇಳಬೇಕು. ಆಗ ನನ್ನ ನಿವೃತ್ತಿಗೆ ಕೆಲವೇ ತಿಂಗಳು. ಕರೆಂಟ್ ಮೀಟರಿಗೆ ಅಂಟಿಸಿದ ಚೀಟಿಯ ನಂಬರು ಹುಡುಕುತ್ತಾ ಅಡಿಕೆ ತೋಟಗಳ ನಡುವೆ ಅಲೆದೆ. ಒಂದು ಮನೆಯ ವಿವರ ತುಂಬಿ, ಸಿಗ್ನಲ್‌ಗಾಗಿ ಗುಡ್ಡ ಹತ್ತಿ ಕಳಿಸಿ, ಮತ್ತೆ ಇಳಿದು ಮುಂದಿನ ಮನೆಗೆ. ರಜೆ ಮುಗಿದರೂ ಕೆಲಸ ಮುಗಿಯದೆ ಅಕ್ಟೋಬರ್ 18ರವರೆಗೆ ಶಾಲೆಗಳೇ ಮುಚ್ಚಿದವು. ಸಮೀಕ್ಷೆ ಬೇಡ ಎನ್ನುವವನಲ್ಲ ನಾನು, ತಾಂಡಾದವರ ಲೆಕ್ಕ ಸರ್ಕಾರಕ್ಕೆ ಸಿಗಲೇಬೇಕು. ಆದರೆ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹತ್ತು ವರ್ಷದ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಅನ್ನುತ್ತದೆ. ದೀಪಾವಳಿ ಕಳೆದರೆ ತಾಂಡಾದ ಎಷ್ಟೋ ಕುಟುಂಬಗಳು ಕಬ್ಬು ಕಡಿಯಲು, ಕಾಫಿ ತೋಟಕ್ಕೆ ಗುಳೆ ಹೋಗುತ್ತವೆ. ಆ ಮಕ್ಕಳು ನಮ್ಮ ಕೈಗೆ ಸಿಗುವುದೇ ಅದಕ್ಕೆ ಮೊದಲಿನ ತಿಂಗಳುಗಳಲ್ಲಿ. ಶಾಲೆ ಮುಚ್ಚಿ ಕಳೆದುಹೋದ ಹತ್ತು ದಿನಗಳ ಪಾಠ ಆಮೇಲಿನ ವಿಶೇಷ ತರಗತಿಯಲ್ಲಿ ಅವರಿಗೆ ಸಿಗಲಿಲ್ಲ, ಆಗ ಅವರು ಊರಲ್ಲೇ ಇರಲಿಲ್ಲ.

ಪ್ರಶಸ್ತಿಯೂ ಸಮಾಧಾನ ತರುವುದಿಲ್ಲ. ನಾನು ಉತ್ತಮ ಶಿಕ್ಷಕ ಎಂದು ನಾನೇ ಅರ್ಜಿ ಬರೆದು, ಫೋಟೊ, ಪ್ರಮಾಣಪತ್ರ ಲಗತ್ತಿಸಬೇಕು. ನನ್ನ ಜೊತೆಗಿದ್ದ ಒಬ್ಬ ಟೀಚರು ಇಪ್ಪತ್ತು ವರ್ಷದಲ್ಲಿ ಒಂದು ಮಗುವನ್ನೂ ಅಕ್ಷರ ಬಾರದೆ ಐದನೇ ಕ್ಲಾಸು ದಾಟಿಸಿದವರಲ್ಲ. ಅವರ ಹತ್ತಿರ ಒಂದು ಫೋಟೊ ಕೂಡ ಇರಲಿಲ್ಲ. ಸೇವೆಯಲ್ಲಿರುವ ಶಿಕ್ಷಕರೂ ಟಿಇಟಿ ಪಾಸಾಗಬೇಕೆಂಬ ಸುಪ್ರೀಂ ಕೋರ್ಟಿನ 2025ರ ಸೆಪ್ಟೆಂಬರ್ 1ರ ತೀರ್ಪಿನ ನಂತರ ಅವರೂ ರಾತ್ರಿ ಅಡುಗೆ ಮುಗಿಸಿ ಟಿಇಟಿಗೆ ಓದುತ್ತಿದ್ದಾರೆ.

ನಮ್ಮ ಸೀಮೆಗೆ ಓದಿಸುವವರ ಬೆಲೆ ಗೊತ್ತಿಲ್ಲದ್ದಲ್ಲ. ಬಳ್ಳಿಗಾವೆಯ ಕೋಡಿಮಠದ 1162ರ ಶಾಸನ ಅಲ್ಲಿ ಕಲಿಸುತ್ತಿದ್ದ ವ್ಯಾಕರಣ, ನ್ಯಾಯ, ಪುರಾಣ, ಕಾವ್ಯ, ನಾಟಕಗಳನ್ನು ಹೆಸರಿಟ್ಟು ಹೇಳುತ್ತದೆ. ದಿಕ್ಕಿಲ್ಲದವರಿಗೆ, ಕುರುಡರಿಗೆ, ಕುಂಟರಿಗೆ ಅನ್ನವಿತ್ತು, ರೋಗಿಗಳಿಗೆ ಮದ್ದಿತ್ತು. ದಂಡಿನ ಜೊತೆ ಬಂದ ದೊರೆ ಬಿಜ್ಜಳ ಅದನ್ನು ಮೆಚ್ಚಿ ದತ್ತಿ ಬಿಟ್ಟ.

ನೀವೂ ಒಮ್ಮೆ ಬನ್ನಿ. ಮುಂಚಿತವಾಗಿ ತಿಳಿಸಬೇಡಿ, ತಿಳಿಸಿದರೆ ಮಕ್ಕಳು ಹಿಂದಿನ ದಿನವೆಲ್ಲ ಅಂಗಳ ಗುಡಿಸುತ್ತಾರೆ. ನಿಮ್ಮ ನಿಮ್ಮ ತಾಲ್ಲೂಕಿನ ಒಂದೊಂದು ಕಿರಿಯ ಪ್ರಾಥಮಿಕ ಶಾಲೆಯ ಚಾಪೆಯ ಮೇಲೆ ಒಂದು ಗಂಟೆ ಕೂತು ಪಾಠ ಕೇಳಿ. ಹಾಗೆಯೇ ಒಂದು ಆದೇಶ ಆಗಲಿ: ಶಾಲೆಗೆ ಬರುವ ಯಾವ ಅಧಿಕಾರಿಯೂ ಮೊದಲು ಒಂದು ಪೂರ್ತಿ ಪಾಠ ಕೇಳಬೇಕು, ಕೇಳಿದ್ದರ ಬಗ್ಗೆ ಎರಡು ಸಾಲು ಬರೆಯಬೇಕು, ಕಡತ ಆಮೇಲೆ. ಮೊಟ್ಟೆಯ ಲೆಕ್ಕವನ್ನು ಪಂಚಾಯಿತಿಗೆ ವಹಿಸಿ. ಅತಿಥಿ ಶಿಕ್ಷಕರಿಗೆ ಹನ್ನೆರಡು ತಿಂಗಳೂ ಗೌರವಧನ ಬರಲಿ. ಒಬ್ಬರು ಆದೇಶ ಹೊರಡಿಸಿದಾಗ ಇನ್ನೊಬ್ಬರು ಸದನದಲ್ಲಿ ಅದನ್ನು ಬೆಂಬಲಿಸಿ ಮಾತಾಡಿ.

ಆ ಹುಡುಗಿ ಫೋನ್ ಇಡುವ ಮುಂಚೆ ಇನ್ನೊಂದು ಮಾತು ಹೇಳಿದಳು. ಅವಳ ಕ್ಲಾಸಿನಲ್ಲಿ ಉತ್ತರ ಪ್ರದೇಶದಿಂದ ಕೆಲಸಕ್ಕೆ ಬಂದವರ ಮಗುವೊಂದು ಸೇರಿದೆಯಂತೆ, ರೊಟ್ಟಿಯ ಚಿತ್ರಕ್ಕೆ ರೋಟಿ ಅಂದಿತಂತೆ. "ಬೋರ್ಡ್ ಮೇಲೆ ಮೂರೂ ಬರೆದೆ ಸಾರ್" ಅಂದಳು. ಮುಂದಿನ ಭಾನುವಾರ ಮತ್ತೆ ಫೋನ್ ಮಾಡುತ್ತಾಳೆ.


ಎರಡೂ ತಾಲ್ಲೂಕಿನಲ್ಲಿ ದುಡಿದ ಒಬ್ಬ ಮೇಷ್ಟ್ರು