ಅಲ್ಲೊಂದು ಪಾಯಿಂಟ್ ಉಂಟು

ಹೋಟೆಲಿಗೆ ಬಂದವನೊಬ್ಬ ಚಾಕ್ಕೆ ಸಕ್ಕರೆ ಸಾಲದೆಂದು ತನ್ನಷ್ಟಕ್ಕೆ ಗೊಣಗಿದ. ಗೋಡೆ ಬದಿಯ ಬೆಂಚಿನಿಂದ ಸ್ವರ ಬಂತು: ‘ಅಲ್ಲೊಂದು ಪಾಯಿಂಟ್ ಉಂಟು.’

ಆ ಪಾಪದವನಿಗೆ ಬೇಕಾಗಿದ್ದದ್ದು ಸಕ್ಕರೆ, ಪಾಯಿಂಟ್ ಅಲ್ಲ. ಆದರೆ ಅಷ್ಟರಲ್ಲಿ ಕಾಲ ಮೀರಿತ್ತು. ‘ದುಡ್ಡು ಕೊಟ್ಟು ಕುಡಿಯುವವ ಗ್ರಾಹಕ. 2019ರ ಕಾಯ್ದೆ. ಎರಡು ವರ್ಷದ ಒಳಗೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡ್ಲಿಕ್ಕೆ ಆಗ್ತದೆ. ಕೊಟ್ಟ ಬೆಲೆ ಐದು ಲಕ್ಷ ದಾಟದಿದ್ದರೆ ಫೀಸಿಲ್ಲ. ಚಾಕ್ಕೆ ನೀವು ಐದು ಲಕ್ಷ ಕೊಡ್ಲಿಲ್ಲ ಅಲ್ವಾ? ವಕೀಲರೂ ಬೇಡ, ನೀವೇ ನಿಂತು ವಾದ ಮಾಡಬಹುದು.’ ಕ್ಯಾಶಿನಲ್ಲಿ ಕೂತಿದ್ದ ಹೋಟೆಲಿನವರು ಮಾತಿಲ್ಲದೆ ಎದ್ದು ಬಂದು ಲೋಟಕ್ಕೆ ಒಂದು ಚಮಚ ಸಕ್ಕರೆ ಸುರಿದು ಹೋದರು. ಮಂಗಳೂರು ಕುದ್ರೋಳಿಯ ಒಂದು ಗ್ರಾಹಕ ವ್ಯಾಜ್ಯ ಹೀಗೆ ನಲವತ್ತು ಸೆಕೆಂಡಿನಲ್ಲಿ ಇತ್ಯರ್ಥವಾಯಿತು.

ಇವರೇ ನಮ್ಮ ಪಾಯಿಂಟ್ ಮಾಮ. ನಿಜವಾದ ಹೆಸರು ಬೇರೆ ಇದೆ, ಅದು ಈಗ ವೋಟರ್ ಲಿಸ್ಟಿನಲ್ಲಿ ಮಾತ್ರ ಚಾಲ್ತಿಯಲ್ಲಿದೆ. ಇಂಥವರೊಬ್ಬರು ನಿಮ್ಮ ಊರಲ್ಲೂ ಇರುತ್ತಾರೆ. ಆದರೆ ನಮ್ಮ ಜಿಲ್ಲೆಯ ಮಣ್ಣಿನಲ್ಲಿ ಈ ಬೆಳೆ ಸ್ವಲ್ಪ ಹುಲುಸು. ಮೂಲಗೇಣಿ, ಕುಮ್ಕಿ, ವರ್ಗ, ಡಿಕ್ಲರೇಷನ್ ಎಂಬ ಜಮೀನಿನ ಶಬ್ದಗಳನ್ನು ನಾವು ಅಂಗಳದಲ್ಲಿ ಆಡುತ್ತಲೇ ಕಲಿತವರು. ಬೇರೆ ಕಡೆ ಆಸ್ತಿಗಾಗಿ ಅಪ್ಪ ಮಕ್ಕಳು ಜಗಳ ಆಡಿದರೆ, ಆಸ್ತಿ ಮಾವನಿಂದ ಸೋದರಳಿಯನಿಗೆ ಹೋಗುವ ಅಳಿಯಕಟ್ಟಿನ ನಾಡಾದ ಇಲ್ಲಿ ಸೋದರಮಾವನ ಮೇಲೆ ಅಳಿಯ ದಾವೆ ಹೂಡುತ್ತಿದ್ದ. ಇದಕ್ಕೆಂದೇ 1949ರಲ್ಲಿ ಮದ್ರಾಸ್ ಸರಕಾರ ಒಂದು ಅಳಿಯಸಂತಾನ ಕಾಯ್ದೆಯನ್ನೂ ಮಾಡಿತ್ತು. ತುಳುವಿನಲ್ಲಿ ತಮ್ಮಲೆ ಎನ್ನಿ, ಕನ್ನಡದಲ್ಲಿ ಮಾಮ ಎನ್ನಿ, ಈ ಊರಿನಲ್ಲಿ ಅದು ಬರೀ ಪ್ರೀತಿಯ ಪದವಲ್ಲ, ಮೊದಲನೇ ಪ್ರತಿವಾದಿಯ ಸ್ಥಾನ.

ಮಾಮ ಕಾನೂನು ಓದಿದವರಲ್ಲ, ವಕೀಲರ ಗುಮಾಸ್ತರೂ ಆಗಿದ್ದವರಲ್ಲ. ಅವರ ವಿದ್ಯಾರ್ಹತೆ ಒಂದು ಗೋಡೆ. ರಾಜೀವ್ ಗಾಂಧಿಯವರು ಬಂದು ಜೀರ್ಣೋದ್ಧಾರಗೊಂಡ ಇಲ್ಲಿನ ಗೋಕರ್ಣನಾಥ ದೇವಸ್ಥಾನವನ್ನು ಉದ್ಘಾಟಿಸಿದ 1991ರಲ್ಲಿ, ಊರಿಗೆ ಊರೇ ಸುಣ್ಣ ಬಣ್ಣದಲ್ಲಿ ಮುಳುಗಿದ್ದಾಗ, ಮಾಮನ ಬಲಬದಿಯ ಮನೆಯವರೂ ಹುರುಪಿನಲ್ಲಿ ಕೆಂಪುಕಲ್ಲಿನ ಕಾಂಪೌಂಡು ಎಬ್ಬಿಸಿದರು. ಒಂಬತ್ತು ಇಂಚಿನ ಗೋಡೆ ಅಷ್ಟೂ ತನ್ನ ಜಾಗದಲ್ಲಿ ನಿಂತಿದೆ ಎಂದು ಮಾಮನ ವಾದ. ಮುನ್ಸಿಫ್ ಕೋರ್ಟಿನಲ್ಲಿ ದಾವೆ ಬಿತ್ತು. ತಡೆಯಾಜ್ಞೆ ಬಂತು, ತೆರವಾಯಿತು. ಕಮಿಷನರು ಬಂದು ಅಳೆದರು. ಸರ್ವೆಯವರು ಬಂದು ಕಮಿಷನರು ಅಳೆದದ್ದನ್ನು ಅಳೆದರು. ಕಲ್ಲಿನ ಗುರುತು ಸಿಗಲಿಲ್ಲ, ಹಲಸಿನ ಮರದ ಗುರುತು ಹೇಳಿದರು, ಹಲಸಿನ ಮರ ಕಡಿದು ಬಾಗಿಲು ಮಾಡಿ ಆಗಿತ್ತು. ಪ್ರತಿ ವಾಯಿದೆಗೂ ಮಾಮ ಕರಂಗಲ್ಪಾಡಿಯ ಕೋರ್ಟಿಗೆ ಹಾಜರು. ಸ್ವಂತ ಕೇಸನ್ನು ಹನ್ನೊಂದೂವರೆಯ ಹೊತ್ತಿಗೇ ಮುಂದೂಡಿದ ಮೇಲೆ, ಹೇಗೂ ಬಂದದ್ದಾಯಿತು ಎಂದು ಸಂಜೆಯ ತನಕ ಕೂತು ಬೇರೆಯವರ ಕೇಸು ಕೇಳುತ್ತಿದ್ದರು. ಇಪ್ಪತ್ತೊಂದು ವರ್ಷ ಹೀಗೆ ಹಿಂದಿನ ಬೆಂಚಿನಲ್ಲಿ ಕೂತವನಿಗೆ ಯಾವ ಕಾಲೇಜೂ ಡಿಗ್ರಿ ಕೊಡಲಿಲ್ಲ ಎಂಬುದು ಬೇರೆ ಪಾಯಿಂಟ್.

ಕೇಸು ಮುಗಿದದ್ದು 2012ರಲ್ಲಿ. 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ದೇವಸ್ಥಾನಕ್ಕೆ ಆ ವರ್ಷ ನೂರು ತುಂಬಿತ್ತು. ಗೋಡೆಯಾದರೂ ನೂರು ಕಾಣಬಾರದೆಂದು ಯಾರಿಗೋ ಬುದ್ಧಿ ಹೊಳೆದಿರಬೇಕು, ಪ್ರಕರಣ ಲೋಕ ಅದಾಲತ್ತಿಗೆ ಹೋಯಿತು. ಗೋಡೆಯ ನಟ್ಟನಡುವೆ ಉದ್ದಕ್ಕೆ ಗೆರೆ. ನಾಲ್ಕೂವರೆ ಇಂಚು ಇವರಿಗೆ, ನಾಲ್ಕೂವರೆ ಇಂಚು ಅವರಿಗೆ. ಕಟ್ಟಿದ ಕೋರ್ಟು ಶುಲ್ಕ ವಾಪಸ್ಸು. ಎರಡು ಮನೆಯವರೂ ಲಡ್ಡು ತಿಂದರು. ಮಾಮ ಮಾತ್ರ ಒಂದು ವಾರ ಮಂಕಾಗಿದ್ದರು. ಏನಾಯಿತೆಂದು ಕೇಳಿದರೆ, ‘ಲೋಕ ಅದಾಲತ್ತಿನ ತೀರ್ಮಾನಕ್ಕೆ ಅಪೀಲಿಲ್ಲ ಮಾರಾಯ’ ಎಂದರು. ಇನ್ನು ಮುಂದೆ ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗುವುದು ಎಂಬ ದುಃಖ ಆ ಸ್ವರದಲ್ಲಿತ್ತು.

ಹೋಟೆಲಿಗೆ ಹೋದರು. ಅಂದಿನಿಂದ ಆ ಬೆಂಚೇ ಅವರ ಪೀಠ. ತುಳುವಿನಲ್ಲಿ ಮೊದಲ ಮಾತೇ ‘ಯಾನ್ ವಕೀಲೆ ಅತ್ತ್’, ನಾನು ವಕೀಲ ಅಲ್ಲ. ಇದು ವಿನಯವಲ್ಲ, ಎಚ್ಚರಿಕೆ. 1961ರ ಅಡ್ವೊಕೇಟ್ಸ್ ಆ್ಯಕ್ಟಿನ ಪ್ರಕಾರ ಸನ್ನದು ಇಲ್ಲದವ ವಕೀಲಿ ಮಾಡುವಂತಿಲ್ಲ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಆದ್ದರಿಂದ ಫೀಸು ಮುಟ್ಟುವುದಿಲ್ಲ. ಚಾ ಮತ್ತು ಒಂದು ಪ್ಲೇಟು ಗೋಳಿಬಜೆ ಮುಟ್ಟುತ್ತಾರೆ. ‘ಇದು ಫೀಸಲ್ಲ, ಸತ್ಕಾರ. ಸತ್ಕಾರಕ್ಕೆ ಯಾವ ಕಾಯ್ದೆಯೂ ಅಡ್ಡ ಬರುದಿಲ್ಲ.’ ಚಟ್ನಿ ಎರಡನೇ ಸಲ ಹಾಕಿಸಿಕೊಂಡರೆ ಪ್ರಕರಣ ಸ್ವಲ್ಪ ಜಟಿಲವಾಗಿದೆ ಎಂದು ತಿಳಿಯಬೇಕು.

ಒಂದು ದಿನ ದಕ್ಕೆಯಿಂದ ಮೀನು ತಂದು ಮನೆಮನೆಗೆ ಮಾರುವ ಅಕ್ಕ ಬುಟ್ಟಿಯನ್ನು ಹೊರಗಿಟ್ಟು ಒಳಗೆ ಬಂದಳು. ಸೆರಗಿನ ಗಂಟಿನಲ್ಲಿ ಒಂದು ಚೆಕ್ಕು. ಮದುವೆ ಅಡುಗೆಯವನೊಬ್ಬ ಮೀನಿನ ಬಾಬ್ತು ಇಪ್ಪತ್ತೆಂಟು ಸಾವಿರಕ್ಕೆ ಕೊಟ್ಟದ್ದು. ಖಾತೆಯಲ್ಲಿ ಹಣ ಸಾಲದೆ ವಾಪಸ್ಸು ಬಂದಿದೆ. ಮಾಮ ಎದ್ದು ಗೋಡೆಯ ಕ್ಯಾಲೆಂಡರಿನ ಮುಂದೆ ನಿಂತರು.

‘ಬ್ಯಾಂಕಿನ ಮೆಮೋ ಕೈಗೆ ಬಂದದ್ದು ಯಾವತ್ತು?’

‘ಚೌತಿ ಆಗಿ ಎರಡು ದಿನಕ್ಕೆ. ಅಂಜಲ್ ಕಿಲೋಗೆ ಒಂಬೈನೂರು ಇತ್ತಲ್ಲ, ಆ ದಿನ.’

ಅಂಜಲಿನ ದರದಿಂದ ತಾರೀಕು ಕಂಡುಹಿಡಿಯುವುದು ಕುದ್ರೋಳಿಯಲ್ಲಿ ಕಷ್ಟವಲ್ಲ, ಹೋಟೆಲಿನಲ್ಲಿದ್ದ ನಾಲ್ಕು ಮಂದಿ ಸೇರಿ ಒಮ್ಮತಕ್ಕೆ ಬಂದರು. ಮಾಮನ ಬೆರಳು ಕ್ಯಾಲೆಂಡರಿನ ಚೌಕಗಳ ಮೇಲೆ ಕೋಳಿ ಕಾಳು ಹೆಕ್ಕುವ ಹಾಗೆ ಓಡಿತು. ‘ಇಪ್ಪತ್ತೆರಡು ದಿನ ಆಯ್ತು. ಮೆಮೋ ಸಿಕ್ಕಿದ 30 ದಿನದ ಒಳಗೆ ಅವನಿಗೆ ನೋಟಿಸು ಹೋಗಬೇಕು. ಬಾಯಲ್ಲಿ ಬೈದದ್ದು ನೋಟಿಸಲ್ಲ.’

‘ಬೈದಾಯ್ತು’ ಎಂದಳು ಆಕೆ, ಸ್ವಲ್ಪ ನಿರಾಶೆಯಿಂದ.

‘ಅದು ನಿನ್ನ ಆರೋಗ್ಯಕ್ಕೆ. ಕಾನೂನಿಗೆ ಲಿಖಿತ ಬೇಕು. ನೋಟಿಸು ಅವನಿಗೆ ಸಿಕ್ಕಿದ ಮೇಲೆ 15 ದಿನ ಟೈಮು ಕೊಡಬೇಕು. ಅಷ್ಟರಲ್ಲಿ ದುಡ್ಡು ಬಾರದಿದ್ದರೆ, ಅಲ್ಲಿಂದ ಒಂದು ತಿಂಗಳ ಒಳಗೆ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ದೂರು. ಸೆಕ್ಷನ್ 138. ಎರಡು ವರ್ಷದವರೆಗೆ ಜೈಲು, ಇಲ್ಲದಿದ್ದರೆ ಚೆಕ್ಕಿನ ಎರಡು ಪಟ್ಟಿನವರೆಗೆ ದಂಡ. ಎರಡೂ ಆದರೂ ಆಯ್ತು. 30, 15, ಒಂದು ತಿಂಗಳು. ನೆನಪುಂಟಾ?’

ಆಕೆ ಬೆರಳು ಮಡಚಿದಳು. ‘ಮೂವತ್ತು ಬಂಗುಡೆ, ಹದಿನೈದು ಅಂಜಲ್, ಮತ್ತೆ ಒಂದು ಬುಟ್ಟಿ ಬೂತಾಯಿ. ಗೊತ್ತಾಯ್ತು.’

ಕಾಯ್ದೆಯನ್ನು ಇಷ್ಟು ಸಲೀಸಾಗಿ ಯಾವ ಗೈಡು ಪುಸ್ತಕವೂ ಹೇಳಿದ್ದು ನಾನು ಕಾಣೆ. ಅಲ್ಲಿಗೆ ಮಾಮ ಸುಮ್ಮನಾಗಬಹುದಿತ್ತು, ಆಗಲಿಲ್ಲ. ‘ಇನ್ನು ನನ್ನ ಕೆಲಸ ಇಲ್ಲ. ಕೋರ್ಟಿನ ಹತ್ತಿರವೇ ಕಾನೂನು ಸೇವಾ ಪ್ರಾಧಿಕಾರ ಉಂಟು. ಹೆಂಗಸರಿಗೆ ಆದಾಯ ಎಷ್ಟು ಅಂತ ಕೇಳುದಿಲ್ಲ, ವಕೀಲರನ್ನು ಫ್ರೀ ಕೊಡ್ತಾರೆ. ಫೋನಿನಲ್ಲಿ ಕೇಳುವುದಾದರೆ 15100.’

‘ಫ್ರೀಯಾ?’ ಆಕೆಯ ಹುಬ್ಬು ಏರಿತು. ‘ನಾನು ಮೀನು ಫ್ರೀ ಕೊಡುವುದು ಯಾವಾಗ ಗೊತ್ತುಂಟಾ ಮಾಮ? ಅದು ಕೊಳೆತ ಮೇಲೆ.’

ಇದು ಕೊಳೆತದ್ದಲ್ಲ, 1987ರ ಕಾಯ್ದೆ ಎಂದು ಮನವರಿಕೆ ಮಾಡುವ ಹೊತ್ತಿಗೆ ಚಟ್ನಿ ಮೂರನೇ ಸಲ ಬಂತು. ಆಕೆ ಹೋದಳು. ನೋಟಿಸು ಸಿಕ್ಕಿದ ಹದಿಮೂರನೇ ದಿನ ಅಡುಗೆಯವನು ಹಣ ತಂದು ಎಣಿಸಿದನಂತೆ. ಮಾಮನ ಮನೆಗೆ ಎರಡು ದೊಡ್ಡ ಬಂಗುಡೆ ಬಂದವು. ಅದೂ ಸತ್ಕಾರವೇ.

ಆದರೆ ಈ ವಿದ್ಯೆಗೆ ಒಂದು ಗ್ರಹಚಾರ ಉಂಟು: ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿಲ್ಲ. ಬಾಡಿಗೆ ಕೋಣೆ ಹುಡುಕಿ ಬಂದ ಹುಡುಗನಿಗೆ ಕರಾರು ಯಾಕೆ ಹನ್ನೊಂದೇ ತಿಂಗಳಿಗೆ ಮಾಡುತ್ತಾರೆ ಎಂದು ವಿವರಿಸಿದರು. ವರ್ಷ ದಾಟಿದ ಲೀಸಿಗೆ ನೋಂದಣಿ ಕಡ್ಡಾಯ, 1908ರ ಕಾಯ್ದೆ, ಆ ಖರ್ಚು ಯಾರಿಗೆ ಬೇಕು ಎಂದು. ವಿವರಣೆ ಮುಗಿಯುವಷ್ಟರಲ್ಲಿ ಕೋಣೆ ಬೇರೆಯವರಿಗೆ ಹೋಗಿತ್ತು. ಸಾವಿನ ಮನೆಯಲ್ಲೂ ಅಷ್ಟೆ. ಹೆಣ ಎತ್ತಿ ಆಗಿರುವುದಿಲ್ಲ, ಮೂಲೆಯಲ್ಲಿ ಅಳುತ್ತಿರುವ ಕಿರಿಯ ಮಗನ ಭುಜ ತಟ್ಟಿ ಮೆಲ್ಲ ಹೇಳುತ್ತಾರೆ: ‘ಬ್ಯಾಂಕಿನಲ್ಲಿ ನಾಮಿನಿ ಅಣ್ಣ ಅಂತ ಹೆದರಬೇಡ. ನಾಮಿನಿ ಅಂದರೆ ವಾರಸುದಾರ ಅಲ್ಲ, ದುಡ್ಡು ತೆಗೆದು ಹಂಚಬೇಕಾದವ. ಸುಪ್ರೀಂ ಕೋರ್ಟೇ ಹೇಳಿ ಆಗಿದೆ.’ ಹುಡುಗ ಅಳು ನಿಲ್ಲಿಸಿ ಅಣ್ಣನ ಕಡೆ ನೋಡುತ್ತಾನೆ. ಸಮಾಧಾನ ಹೇಳಲು ಹೋದವರು ಒಂದು ದಾವೆಯ ಬೀಜ ಬಿತ್ತಿ ಬಂದಂತಾಗುತ್ತದೆ. ಮಾಮಿ ಈಗ ಅವರನ್ನು ಉತ್ತರಕ್ರಿಯೆಯ ಬೊಜ್ಜಕ್ಕೆ ಮಾತ್ರ ಕಳಿಸುತ್ತಾರೆ, ಊಟದ ಹೊತ್ತಿಗೆ ಸರಿಯಾಗಿ.

ಮಾಮನಿಗೆ ನಿಜವಾದ ಪೆಟ್ಟು ಬಿದ್ದದ್ದು 2024ರ ಜುಲೈ 1ರಂದು. ಅವತ್ತಿನಿಂದ 1860ರ ದಂಡಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂತು. 511 ಸೆಕ್ಷನ್ನುಗಳನ್ನು ಮಗ್ಗಿಯ ಹಾಗೆ ಬಾಯಿಪಾಠ ಮಾಡಿಕೊಂಡ ಮನುಷ್ಯ. ಊರಿನ ಅರ್ಧ ಜನರನ್ನು ಹೆಸರಿಗಿಂತ ಹೆಚ್ಚಾಗಿ ಸೆಕ್ಷನ್ನಿನಿಂದಲೇ ಗುರುತಿಸುತ್ತಿದ್ದವರು. ‘ಹೊಸ ಪುಸ್ತಕ 358ಕ್ಕೇ ಮುಗೀತದೆ ಮಾರಾಯ. 420ಕ್ಕೆ ಕೂರಲಿಕ್ಕೆ ಜಾಗವೇ ಇಲ್ಲ! ಮೋಸ ಮಾಡಿದವ ಇನ್ನು 318 ಅಂತೆ. 318 ಅಂದರೆ ಬೈಗುಳದ ಹಾಗೆ ಕೇಳ್ತದಾ? ಸ್ಟೇಟ್ ಬ್ಯಾಂಕ್ ಬಸ್ ಸ್ಟ್ಯಾಂಡಿನಿಂದ ಹೊರಡುವ ಬಸ್ಸಿನ ನಂಬರಿನ ಹಾಗೆ ಕೇಳ್ತದೆ.’ ಕೊಲೆಯ 302 ಈಗ 103. ಹೊಸ 302ಕ್ಕೆ ಬೇರೆಯೇ ಕೆಲಸ, ಇನ್ನೊಬ್ಬರ ಧಾರ್ಮಿಕ ಭಾವನೆಗೆ ಬೇಕೆಂದೇ ನೋವು ಮಾಡುವ ಮಾತು. ‘ಯಾರಾದರೂ ಫೋನು ಮಾಡಿ 302 ಆಗಿದೆ ಅಂದರೆ ಓಡಬೇಕಾ, ಕೂರಬೇಕಾ?’

ಮೂರು ದಿನ ಬೆಂಚು ಖಾಲಿ. ನಾಲ್ಕನೇ ದಿನ ಬಂದರು, ಮುಖದಲ್ಲಿ ಬೆಳಕಿತ್ತು. ‘ಅಲ್ಲೊಂದು ಪಾಯಿಂಟ್ ಉಂಟು. ಜುಲೈ 1ಕ್ಕಿಂತ ಮೊದಲು ಮಾಡಿದ ಅಪರಾಧಕ್ಕೆ ಹಳೇ ಕಾನೂನೇ. ಹಾಗಾಗಿ ಹಳಬರೆಲ್ಲ ಇನ್ನೂ 420ಗಳೇ. ಹೊಸಬರು ಮಾತ್ರ 318.’ ತನ್ನ ಓರಗೆಯವರ ಮಾನ ಹೀಗೆ ಉಳಿದದ್ದಕ್ಕೆ ಅಂದು ಅವರೇ ಎಲ್ಲರಿಗೂ ಚಾ ಹೇಳಿದರು.

ಮರುವರ್ಷ ಇನ್ನೊಂದು ಪೆಟ್ಟು. ಅಂಚೆಯವರು ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿನಲ್ಲಿ ವಿಲೀನ ಮಾಡಿದರು. ‘ರಿಜಿಸ್ಟರ್ಡ್ ನೋಟಿಸು ಕಳಿಸ್ತೇನೆ’ ಎಂಬುದು ಮಾಮನ ಬ್ರಹ್ಮಾಸ್ತ್ರವಾಗಿತ್ತು. ‘ಸ್ಪೀಡ್ ಪೋಸ್ಟ್ ಕಳಿಸ್ತೇನೆ’ ಎಂದರೆ ಎದುರಿನವನು ರಾಖಿ ಬರುತ್ತದೆ ಎಂದುಕೊಳ್ಳುತ್ತಾನೆ.

ಇನ್ನು ಮಾಹಿತಿ ಹಕ್ಕು. ಹತ್ತು ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ, ಅಷ್ಟು ಸಸ್ತಾ ಅಸ್ತ್ರವನ್ನು ಮಾಮ ಬಳಸಿದ್ದು ಒಂದೇ ಸಲ. ಚರಂಡಿಯ ಕೆಲಸದ ಬಗ್ಗೆ ಅರ್ಜಿ ಬರೆದರು. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದ ಒಳಗೆ. ಮಾಮ ಪೀಠಿಕೆಯಲ್ಲೇ 150 ಮುಗಿಸಿದ್ದರು, ಚರಂಡಿ ಇನ್ನೂ ಶುರುವಾಗಿರಲಿಲ್ಲ. ಕೊನೆಗೆ ಒಂಬತ್ತನೇ ಕ್ಲಾಸಿನ ಮೊಮ್ಮಗಳು ಪೆನ್ನು ಕಿತ್ತುಕೊಂಡು ನಾಲ್ಕು ಸಾಲಿನಲ್ಲಿ ಬರೆದಳು: ಯಾವ ಕೆಲಸ, ಎಷ್ಟು ಮಂಜೂರು, ಎಷ್ಟು ಖರ್ಚು, ಬಿಲ್ಲಿನ ಪ್ರತಿ ಕೊಡಿ. ಉತ್ತರ ಬಂತು. ಮಾಮನಿಗೆ ಅದರಿಂದ ಆದ ಅವಮಾನ ಇನ್ನೂ ಪೂರ್ತಿ ಇಳಿದಿಲ್ಲ.

ಅವರನ್ನು ಸರಿಯಾಗಿ ನೋಡಬೇಕಾದರೆ ಮಂಗಳೂರು ದಸರಾದ ಕೊನೆಯ ರಾತ್ರಿ ನೋಡಬೇಕು. ಸಂಜೆ ದೇವಸ್ಥಾನದಿಂದ ಹೊರಟ ಶಾರದೆಯ ಮೆರವಣಿಗೆ ಇಡೀ ಪೇಟೆ ಸುತ್ತಿ ಅಳಕೆಯ ದಾರಿಯಾಗಿ ಹಿಂದೆ ಬರುವಾಗ ನಸುಕು. ಹುಲಿವೇಷದ ತಾಸೆಯ ಪೆಟ್ಟಿಗೆ ಎದೆ ಅದುರುವ ಆ ಹೊತ್ತಿಗೆ, ನೋಡಲು ಎಲ್ಲಕ್ಕಿಂತ ಒಳ್ಳೆಯ ಜಾಗ ಮಾಮನ ಮನೆಯ ಬಲಬದಿಯ ಗೋಡೆ. ಒಂಬತ್ತು ಇಂಚಿನ ಕೆಂಪುಕಲ್ಲು, ನಡುವೆ ಕಾವಿಯ ಗೆರೆ. ನಾಲ್ಕೂವರೆ ಇಂಚಿನಲ್ಲಿ ಕೂರಬಲ್ಲ ಮನುಷ್ಯ ಇನ್ನೂ ಹುಟ್ಟಿಲ್ಲವಾದ್ದರಿಂದ, ಅದರ ಮೇಲೆ ಯಾರು ಕೂತರೂ ಅತಿಕ್ರಮವೇ.

ಕಳೆದ ಸಲ ನಾನೂ ಹೋಗಿದ್ದೆ. ಮಾಮ ಮೊದಲೇ ಹತ್ತಿ ಕೂತಿದ್ದರು. ಅಷ್ಟರಲ್ಲಿ ಆಚೆ ಮನೆಯವರು, ಇಪ್ಪತ್ತೊಂದು ವರ್ಷದ ಪ್ರತಿವಾದಿ, ಕೈಯಲ್ಲಿ ಫ್ಲಾಸ್ಕು ಹಿಡಿದು ಬಂದು ಗೋಡೆಯ ಬುಡದಲ್ಲಿ ನಿಂತರು. ಹತ್ತಲಿಲ್ಲ, ಕಾದರು. ಮಾಮ ಗಂಟಲು ಸರಿಮಾಡಿಕೊಂಡು, ನಾನು ಸಾಕ್ಷಿ ಇದ್ದೇನೆಂದು ಖಚಿತ ಮಾಡಿಕೊಂಡು, ಗಟ್ಟಿಯಾಗಿ ಹೇಳಿದರು: ‘ಕೂತ್ಕೊಳ್ಳಿ. ನನ್ನ ಅನುಮತಿ ಉಂಟು.’

ಇದೆಂಥ ಉಪಚಾರವೆಂದು ನಾನು ಕಿವಿಯಲ್ಲಿ ಕೇಳಿದೆ. ‘ಉಪಚಾರ ಅಲ್ಲ, ಪಾಯಿಂಟು. ಅನುಮತಿ ಇಲ್ಲದೆ, ರಾಜಾರೋಷವಾಗಿ, ಎಡೆಬಿಡದೆ 12 ವರ್ಷ ಅನುಭವಿಸಿದರೆ ಜಾಗ ಅವರದ್ದೇ ಅಂತ ವಾದ ಮಾಡ್ಲಿಕ್ಕೆ ಆಗ್ತದೆ. ಅನುಮತಿ ಕೊಟ್ಟರೆ ಆ ವಾದ ಸತ್ತಿತು. ಹಾಗಾಗಿ ಪ್ರತಿ ವರ್ಷ ತಪ್ಪದೆ ಕರೀತೇನೆ.’

ಪ್ರತಿವಾದಿ ಅಷ್ಟರಲ್ಲಿ ಹತ್ತಿ ಆರಾಮವಾಗಿ ಕೂತಾಗಿತ್ತು, ಒಂಬತ್ತಕ್ಕೆ ಒಂಬತ್ತೂ ಇಂಚು ತುಂಬಿಕೊಂಡು. ‘ನಾನು ಕೂತದ್ದು ವಿದೌಟ್ ಪ್ರಿಜುಡಿಸ್, ನನ್ನ ಹಕ್ಕು ಬಿಟ್ಟು ಅಲ್ಲ’ ಎಂದರು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತ. ಎಷ್ಟೆಂದರೂ ಅವರೂ ಅದೇ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಇಪ್ಪತ್ತೊಂದು ವರ್ಷ ಓದಿದವರು.

ಎರಡು ಲೋಟ ಚಾ ಬಗ್ಗಿಸಿದರು. ತಾಸೆಯ ಸದ್ದು ಹತ್ತಿರ ಬಂತು, ಶಾರದೆಯ ಕಿರೀಟದ ಬೆಳಕು ತಿರುವಿನಲ್ಲಿ ಕಂಡಿತು, ಇಬ್ಬರೂ ಕೈಮುಗಿಯಲೆಂದು ಲೋಟಗಳನ್ನು ಕೆಳಗಿಟ್ಟರು. ಗೆರೆಯ ಯಾವ ಬದಿಗೆ ಇಟ್ಟರೆಂದು ಆ ಕತ್ತಲೆಯಲ್ಲಿ ನನಗೆ ಕಾಣಲಿಲ್ಲ.