ಹಾರದ ವಿಮಾನವೇ ಪರಮ ಸುರಕ್ಷಿತ: ಒಂದು ವ್ಯೋಮ ಮೀಮಾಂಸೆ

ಎಲ್ಲ ನಿಯಮಗಳನ್ನೂ ಎಲ್ಲ ಕಾಲಕ್ಕೂ ಚಾಚೂ ತಪ್ಪದೆ ಪಾಲಿಸುವ ವಿಮಾನ ಯಾವುದು ಎಂಬುದು ವ್ಯೋಮಶಾಸ್ತ್ರದ ಮೊದಲ ಪ್ರಶ್ನೆ. ಇದಕ್ಕೆ ಉತ್ತರ ಹುಡುಕಲು ದೂರ ಹೋಗಬೇಕಾಗಿಲ್ಲ, ಆನೇಕಲ್ಲಿಗೆ ಹೋದರೆ ಸಾಕು. ಆ ಊರಿನ ಸುಬ್ಬರಾಯ ಶಾಸ್ತ್ರಿಗಳು 1918ರಿಂದ 1923ರವರೆಗೆ ಹೇಳಿ ಬರೆಸಿದ ‘ವೈಮಾನಿಕ ಶಾಸ್ತ್ರ’ದಲ್ಲಿ ಶಕುನ, ಸುಂದರ, ರುಕ್ಮ, ತ್ರಿಪುರ ಎಂಬ ನಾಲ್ಕು ಬಗೆಯ ವಿಮಾನಗಳ ವರ್ಣನೆಯಿದೆ. ಚಾಲಕ ತಿಳಿದಿರಬೇಕಾದ 32 ರಹಸ್ಯಗಳಿವೆ. ಅವನು ಏನು ಉಡಬೇಕು, ಏನು ಉಣ್ಣಬೇಕು ಎಂಬ ವಿಧಿಗಳೂ ಇವೆ. ಭರದ್ವಾಜ ಮಹರ್ಷಿಗಳ ಹೆಸರಿನಲ್ಲಿರುವ ಈ ಗ್ರಂಥವನ್ನು 1974ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಐವರು ವಿದ್ವಾಂಸರು ಪರೀಕ್ಷೆಗೆ ಒಡ್ಡಿದರು. ಈ ನಾಲ್ಕರಲ್ಲಿ ಯಾವುದೂ ಹಾರಲಾರದು ಎಂದು ಲೆಕ್ಕ ಹಾಕಿ ತೋರಿಸಿದರು. ಲೋಕ ಇದನ್ನು ಗ್ರಂಥದ ಸೋಲೆಂದು ತಿಳಿಯಿತು. ಲೋಕಕ್ಕೆ ಯಾವಾಗಲೂ ಅವಸರ. ಶಕುನ ವಿಮಾನ ಇಂದಿನ ಡ್ರೋನುಗಳಿಗೆ ಹಾಕಿರುವ 400 ಅಡಿಯ ಮಿತಿಯನ್ನು ಎಂದೂ ಮೀರುವುದಿಲ್ಲ, ವಿಮಾನ ನಿಲ್ದಾಣದ ಸುತ್ತ ಸುಳಿಯುವುದಿಲ್ಲ, ಚಾಲಕನ ಕಣ್ಣಳತೆ ದಾಟುವುದಿಲ್ಲ, ಮದುವೆ ಚಪ್ಪರದ ಮೇಲೆ ಬಂದು ಬೀಳುವುದಿಲ್ಲ. ವಿಜ್ಞಾನಿಗಳು ಹಾರುವುದಿಲ್ಲ ಎಂದದ್ದನ್ನು ನಿಯಂತ್ರಣ ಶಾಸ್ತ್ರದ ಕಣ್ಣಿನಿಂದ ನೋಡಿದರೆ ಅದು ಶಾಶ್ವತ ಸುರಕ್ಷತಾ ಪ್ರಮಾಣಪತ್ರ.

ಈ ಪ್ರಬಂಧದ ಪ್ರತಿಜ್ಞೆ ಇಷ್ಟೇ. ನಿಯಮ ಮಾಡುವವರ ಮನಸ್ಸನ್ನು ಅದರ ಪಾಡಿಗೆ ಬಿಟ್ಟರೆ ಅದು ಶಕುನ ವಿಮಾನದ ಕಡೆಗೇ ಜಾರುತ್ತದೆ. ಜಾರದಂತೆ ಹಿಡಿದು ನಿಲ್ಲಿಸಲು ಎರಡು ಪ್ರಶ್ನೆಗಳು ಬೇಕು: ಮೇಲೆ ಹೋದ ವಸ್ತು ಬಿದ್ದರೆ ಎಷ್ಟು ಪೆಟ್ಟಾಗುತ್ತದೆ? ಯಾರ ಮೇಲೆ ಬೀಳುತ್ತದೆ? ಇವೆರಡೇ ವಿಧಿ, ಮಿಕ್ಕದ್ದೆಲ್ಲ ಅರ್ಥವಾದ, ಅಂದರೆ ವಿಧಿಯ ಸುತ್ತಣ ಹೊಗಳಿಕೆ ತೆಗಳಿಕೆ. ಅರ್ಥವಾದಕ್ಕೂ ಶಾಸ್ತ್ರದಲ್ಲಿ ಜಾಗವಿದೆ, ಆದರೆ ಅದಕ್ಕೆ ಶುಲ್ಕ ಕಟ್ಟಿಸಿಕೊಳ್ಳುವ ಪದ್ಧತಿ ಪೂರ್ವಮೀಮಾಂಸೆಯಲ್ಲಿ ಕಾಣುವುದಿಲ್ಲ.

ಮೊದಲು ಲಕ್ಷಣ ಪರೀಕ್ಷೆ. 1934ರ ವಿಮಾನ ಕಾಯಿದೆ, ಗಾಳಿಯ ಪ್ರತಿಕ್ರಿಯೆಯಿಂದ ಆಕಾಶದಲ್ಲಿ ಆಸರೆ ಪಡೆಯುವ ಯಾವ ಯಂತ್ರವನ್ನೇ ಆಗಲಿ ವಿಮಾನವೆಂದು ಕರೆಯಿತು. ಬಲೂನು, ವಾಯುನೌಕೆ, ಗ್ಲೈಡರುಗಳ ಪಂಕ್ತಿಯಲ್ಲಿ ಗಾಳಿಪಟಕ್ಕೂ ಎಲೆ ಹಾಕಿತು. ಹಳೆಯ ಪತ್ರಿಕೆಯ ಹಾಳೆ, ಎರಡು ಪೊರಕೆ ಕಡ್ಡಿ, ಅನ್ನದ ಅಗುಳಿನ ಅಂಟು, ಅಜ್ಜಿಯ ಹರಿದ ಸೀರೆಯ ಬಾಲಂಗೋಚಿ, ಇಷ್ಟರಿಂದ ಆಷಾಢದ ಗಾಳಿಗೆ ಏರುವ ವಸ್ತು ಕಾಯಿದೆಯ ದೃಷ್ಟಿಯಲ್ಲಿ ಜಂಬೋ ಜೆಟ್ಟಿನ ದಾಯಾದಿ. ಸುಮಾರು ತೊಂಬತ್ತು ವರ್ಷ ನಡೆದ ಈ ಕಾಯಿದೆಯ ಜಾಗಕ್ಕೆ 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಈ ತೊಂಬತ್ತು ವರ್ಷಗಳ ಕೊನೆಯ ಭಾಗದಲ್ಲಿ ಗಾಳಿಪಟದಿಂದ ನಿಜವಾಗಿಯೂ ಸಾವುಗಳಾದವು. ಬೈಕಿನಲ್ಲಿ ಹೋಗುವವರ ಕತ್ತು ಕೊಯ್ದಿತು, ಹದ್ದು ಪಾರಿವಾಳಗಳ ರೆಕ್ಕೆ ತುಂಡಾಯಿತು. ಆದರೆ ಕೊಯ್ದದ್ದು ಕಾಯಿದೆ ವಿಮಾನವೆಂದು ಕರೆದ ಪಟವಲ್ಲ, ಅದಕ್ಕೆ ಕಟ್ಟಿದ ನೈಲಾನ್ ಮಾಂಜಾ. ಅದನ್ನು 2017ರ ಜುಲೈನಲ್ಲಿ ದೇಶಾದ್ಯಂತ ನಿಷೇಧಿಸಿದ್ದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ. ಆ ಮಂಡಳಿಗೂ ವಿಮಾನಕ್ಕೂ ಸಂಬಂಧವಿಲ್ಲ. ವಿಮಾನ ಕಾಯಿದೆ ದಾರದ ಮೇಲಿನ ತುದಿಯನ್ನು ನೋಡುತ್ತ ನಿಂತಿದ್ದಾಗ ಅಪಾಯ ದಾರದ ಉದ್ದಕ್ಕೂ ಇತ್ತು. ವಸ್ತುವಿಗೆ ಏನು ಹೆಸರು ಎಂದು ಕೇಳುವ ಬದಲು ಅದು ಯಾರಿಗೆ ಏನು ಮಾಡುತ್ತದೆ ಎಂದು ಕೇಳಿದ್ದರೆ ಇಷ್ಟು ಕಾಲ ಬೇಕಾಗುತ್ತಿರಲಿಲ್ಲ.

ಇನ್ನು ಡ್ರೋನ್ ನಿಯಮಗಳ ಇತಿಹಾಸ, ಚುಟುಕಾಗಿ. 2014ರ ಮೇ ತಿಂಗಳಲ್ಲಿ ಮುಂಬೈಯ ಪಿಜ್ಜಾ ಅಂಗಡಿಯೊಂದು ಡ್ರೋನಿಗೆ ಪಿಜ್ಜಾ ಕಟ್ಟಿ ಕಳಿಸಿತು. ಅದೇ ವರ್ಷದ ಅಕ್ಟೋಬರ್ 7ರಂದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ, ನಿಯಮ ಬರುವ ತನಕ ಖಾಸಗಿಯವರು ಯಾರೂ ಹಾರಿಸಕೂಡದೆಂದು ಪ್ರಕಟಣೆ ಹೊರಡಿಸಿತು. ಎರಡಕ್ಕೂ ಕಾರ್ಯಕಾರಣ ಸಂಬಂಧ ಕಲ್ಪಿಸುವುದು ಕಾಗೆ ಕೂತು ಕೊಂಬೆ ಮುರಿದ ನ್ಯಾಯವಾದೀತು. ಓದುಗರು ತಮ್ಮ ಇಷ್ಟದಂತೆ ಮಾಡಿಕೊಳ್ಳಬಹುದು. ನಿಯಮ ಜಾರಿಗೆ ಬಂದದ್ದು 2018ರ ಡಿಸೆಂಬರ್ 1ಕ್ಕೆ. ನಡುವಿನ ನಾಲ್ಕು ವರ್ಷಗಳನ್ನು ವಿದ್ವಾಂಸರು ಶಕುನ ಯುಗವೆಂದು ಕರೆಯುವುದು ಸೂಕ್ತ. 2021ರ ಮಾರ್ಚಿನಲ್ಲಿ ಬಂದ ಹೊಸ ನಿಯಮಾವಳಿಯಲ್ಲಿ 25 ಬಗೆಯ ಅರ್ಜಿ ನಮೂನೆಗಳೂ 72 ಬಗೆಯ ಶುಲ್ಕಗಳೂ ಇದ್ದವು. ಭರದ್ವಾಜರಂಥ ಭರದ್ವಾಜರೇ 32 ರಹಸ್ಯಕ್ಕೆ ನಿಲ್ಲಿಸಿದ್ದರು ಎಂಬುದನ್ನು ನೆನೆದರೆ ಆಧುನಿಕರ ಪ್ರಗತಿ ಎಷ್ಟೆಂದು ತಿಳಿಯುತ್ತದೆ. ಅದೇ ವರ್ಷದ ಆಗಸ್ಟ್ 25ರಂದು ಆ ಗ್ರಂಥವನ್ನು ಬದಿಗಿಟ್ಟು ಇನ್ನೊಂದನ್ನು ತಂದರು. ನಮೂನೆಗಳು 5ಕ್ಕೂ ಶುಲ್ಕಗಳು 4ಕ್ಕೂ ಇಳಿದವು. ಆದರೂ ಹೊಲಕ್ಕೆ ಔಷಧಿ ಹೊಡೆಯುವ ಡ್ರೋನಿನ ಪೈಲಟ್ ಆಗಬೇಕಾದ ಹಳ್ಳಿಯ ಹುಡುಗ ಪಾಸ್‌ಪೋರ್ಟ್ ತೋರಿಸಬೇಕಾಗಿತ್ತು. ಪಕ್ಕದ ಹೊಲದ ಬದು ದಾಟಲು ಪಾಸ್‌ಪೋರ್ಟ್ ಏಕೆಂಬ ಪ್ರಶ್ನೆ ಎರಡು ವರ್ಷ ಅನಿರ್ಣೀತವಾಗಿ ಉಳಿದು, 2023ರ ಸೆಪ್ಟೆಂಬರಿನಲ್ಲಿ ಬೇರೆ ಗುರುತಿನ ಚೀಟಿಯಾದರೂ ಸಾಕು ಎಂಬಲ್ಲಿಗೆ ಬಗೆಹರಿಯಿತು.

ಆಗಸ್ಟಿನ ನಿಯಮಗಳನ್ನು ಹೊಗಳಲೇಬೇಕು. ಅವು ತೂಕವನ್ನು ಪ್ರಮಾಣವೆಂದು ಒಪ್ಪಿದವು. 250 ಗ್ರಾಮಿನವರೆಗೆ ನ್ಯಾನೋ, ಅಲ್ಲಿಂದ 2 ಕಿಲೋ ತನಕ ಮೈಕ್ರೋ, 25 ಕಿಲೋ ತನಕ ಸ್ಮಾಲ್, ಹೀಗೆ. ನ್ಯಾನೋ ಹಾರಿಸಲು ಪೈಲಟ್ ಪ್ರಮಾಣಪತ್ರ ಬೇಡ. ವ್ಯಾಪಾರಕ್ಕಲ್ಲದೆ ಹಾರಿಸುವ ಮೈಕ್ರೋಗೂ ಬೇಡ. ಇದರ ಯುಕ್ತಿಯನ್ನು ತೆಂಗಿನಕಾಯಿಯಿಂದ ಪರೀಕ್ಷಿಸಬಹುದು. ಸಿಪ್ಪೆ ಸಮೇತ ಒಂದೂವರೆ ಕಿಲೋ ತೂಗುವ ಕಾಯಿಯೊಂದು 20 ಮೀಟರ್ ಎತ್ತರದ ಮರದಿಂದ ಕಳಚಿದರೆ ನೆಲ ಮುಟ್ಟುವಾಗ ಅದರ ಚಲನಶಕ್ತಿ ಸುಮಾರು 290 ಜೂಲ್. ಸೆಕೆಂಡಿಗೆ 15 ಮೀಟರ್ ವೇಗದಲ್ಲಿ ಬಂದು ಬಡಿಯುವ 250 ಗ್ರಾಂ ಡ್ರೋನಿನದು 28 ಜೂಲ್. ಅದೇ ವೇಗದಲ್ಲಿ 25 ಕಿಲೋ ಡ್ರೋನಿನದು 2,800. ಅಂದರೆ ನ್ಯಾನೋ ಡ್ರೋನು ತೆಂಗಿನಕಾಯಿಯ ಹತ್ತನೇ ಒಂದು ಭಾಗ, ಸ್ಮಾಲ್ ಡ್ರೋನು ಹತ್ತು ಪಟ್ಟು. ವರ್ಗೀಕರಣದ ಪ್ರಕಾರ ತೆಂಗಿನಕಾಯಿ ಮೈಕ್ರೋ. ಮನೆಯ ಚಟ್ನಿಗಾಗಿ ಬಿದ್ದರೆ ಪ್ರಮಾಣಪತ್ರ ಬೇಕಿಲ್ಲ. ತಿಪಟೂರು ಮಾರುಕಟ್ಟೆಗೆಂದು ಬಿದ್ದರೆ ವಾಣಿಜ್ಯ ಬಳಕೆಯಾಗುವುದರಿಂದ ಬೇಕು. ಹಗಲಲ್ಲಿ ಬಿದ್ದರೆ ಕಣ್ಣಳತೆಯ ನಿಯಮ ಪಾಲನೆಯಾಗುತ್ತದೆ, ರಾತ್ರಿ ಬಿದ್ದದ್ದರ ಬಗ್ಗೆ ಪ್ರತ್ಯೇಕ ವ್ಯಾಖ್ಯಾನ ಬೇಕಾಗಬಹುದು. ಪರಿಹಾಸ ಬಿಟ್ಟು ನೋಡಿದರೂ ಮಾತು ನಿಲ್ಲುತ್ತದೆ. ತೋಟದ ಜನ ಮರಕ್ಕೆ ಲೈಸೆನ್ಸ್ ಕೊಡಿಸಲಿಲ್ಲ. ಮರದ ಬುಡದಲ್ಲಿ ತೊಟ್ಟಿಲು ಕಟ್ಟಬಾರದು ಎಂದಷ್ಟೇ ಮಕ್ಕಳಿಗೆ ಹೇಳಿಕೊಟ್ಟರು.

ಪೂರ್ವಪಕ್ಷಿಗಳು ಇಲ್ಲಿ ಏಳುತ್ತಾರೆ, ಏಳಬೇಕಾದದ್ದೇ. ಮೊದಲನೆಯ ಆಕ್ಷೇಪ ಭದ್ರತೆಯದು. 2021ರ ಜೂನ್ 27ರಂದು ಜಮ್ಮುವಿನ ವಾಯುಪಡೆ ನೆಲೆಯ ಮೇಲೆ ಡ್ರೋನಿನಿಂದ ಸ್ಫೋಟಕ ಬಿತ್ತು, ಇಬ್ಬರಿಗೆ ಗಾಯವಾಯಿತು. ಇಂಥ ಕಾಲದಲ್ಲಿ ಹವ್ಯಾಸದ ಮಾತೇ? ಇದು ತೂಕದ ಆಕ್ಷೇಪ. ಆದರೆ ಸ್ಫೋಟಕ ಕಟ್ಟಿ ಕಳಿಸುವವನು ಯಾವ ನಮೂನೆಯನ್ನೂ ತುಂಬುವುದಿಲ್ಲ, ನಮೂನೆ 5 ಇದ್ದರೂ 25 ಇದ್ದರೂ ಅವನಿಗೆ ಒಂದೇ. ಅವನನ್ನು ಹಿಡಿಯುವುದು ರೇಡಾರು, ಜಾಮರು, ಬೇಹುಗಾರಿಕೆ. ಜಮ್ಮುವಿನ ಘಟನೆಯಾದ ಎರಡೇ ತಿಂಗಳಿಗೆ ಸರ್ಕಾರ ನಿಯಮಗಳನ್ನು ಸಡಿಲಿಸಿತು ಎಂಬುದನ್ನು ಗಮನಿಸಬೇಕು. ಹೆದರಿಕೆಯ ಹೊತ್ತಿನಲ್ಲಿ ಬಿಗಿ ಮಾಡುವುದು ಸುಲಭ, ಸಡಿಲಿಸಲು ಎದೆಗಾರಿಕೆ ಬೇಕು. ವಿಡಂಬನೆಗೆ ಹೊರಟ ಪ್ರಬಂಧದಲ್ಲೂ ಇಷ್ಟನ್ನು ನೇರವಾಗಿ ಹೇಳದಿದ್ದರೆ ಅನ್ಯಾಯ.

ಎರಡನೆಯದು ವಿಮಾನ ನಿಲ್ದಾಣದ ಆಕ್ಷೇಪ, ಅದಕ್ಕೆ ಉದಾಹರಣೆ ಲಂಡನ್ನಿನ ಗ್ಯಾಟ್ವಿಕ್. 2018ರ ಡಿಸೆಂಬರ್ 19ರ ರಾತ್ರಿ ರನ್‌ವೇ ಹತ್ತಿರ ಡ್ರೋನ್ ಕಂಡಿತೆಂದು ನಿಲ್ದಾಣ ಮುಚ್ಚಿದರು. ಕ್ರಿಸ್ಮಸ್ ಹೊತ್ತಿನಲ್ಲಿ ಸುಮಾರು 1,000 ವಿಮಾನಗಳ ಸಂಚಾರ ಕೆಟ್ಟು, 1,40,000 ಪ್ರಯಾಣಿಕರು ಪರದಾಡಿದರು. ಹಾರಿಸಿದವರು ಇಂದಿಗೂ ಸಿಕ್ಕಿಲ್ಲ. ಸಿಕ್ಕಿದವರು ಹತ್ತಿರದ ಊರಿನ ದಂಪತಿ; ಗಂಡನಿಗೆ ಮಾದರಿ ವಿಮಾನದ ಹವ್ಯಾಸವಿತ್ತು. ಸುಮಾರು 36 ಗಂಟೆ ಕೂಡಿಹಾಕಿ, ಇವರಲ್ಲ ಎಂದು ಬಿಟ್ಟ ಪೊಲೀಸರು 2020ರಲ್ಲಿ 2 ಲಕ್ಷ ಪೌಂಡ್ ತೆತ್ತರು. ನ್ಯಾಯಶಾಸ್ತ್ರದಲ್ಲಿ ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆ ಎಂದು ಊಹಿಸುತ್ತಾರೆ. ಇಲ್ಲಿ ಬೆಟ್ಟದ ಮೇಲೆ ಹೊಗೆ ಕಂಡದ್ದಕ್ಕೆ ಕಣಿವೆಯಲ್ಲಿ ಬೆಂಕಿಪೊಟ್ಟಣ ಇಟ್ಟುಕೊಂಡವನನ್ನು ಹಿಡಿದರು. ಇಂಥ ಹೇತ್ವಾಭಾಸಕ್ಕೆ ಗೌತಮರ ಸೂತ್ರಗಳಲ್ಲಿ ಹೆಸರಿದೆಯೋ ಇಲ್ಲವೋ, ಇಂಗ್ಲೆಂಡಿನಲ್ಲಿ ಬೆಲೆ ಮಾತ್ರ ನಿಗದಿಯಾಗಿದೆ.

ಮೂರನೆಯ ಆಕ್ಷೇಪಕ್ಕೆ ಈ ಮೀಮಾಂಸಕನೂ ತಲೆಬಾಗುತ್ತಾನೆ. 2025ರ ಜನವರಿ 9ರಂದು ಲಾಸ್ ಏಂಜಲೀಸಿನ ಪ್ಯಾಲಿಸೇಡ್ಸ್ ಕಾಡ್ಗಿಚ್ಚಿಗೆ ನೀರು ಸುರಿಯುತ್ತಿದ್ದ ಕೆನಡಾದ ಸೂಪರ್ ಸ್ಕೂಪರ್ ವಿಮಾನಕ್ಕೆ ಒಬ್ಬ ಹವ್ಯಾಸಿಯ ಡ್ರೋನ್ ಬಡಿದು ಎಡ ರೆಕ್ಕೆಯಲ್ಲಿ ತೂತಾಯಿತು. ಊರು ಉರಿಯುತ್ತಿದ್ದಾಗ ನೀರಿನ ವಿಮಾನ ದುರಸ್ತಿಗೆ ನಿಂತಿತು. ಅವನು ಸಾಂಟಾ ಮೋನಿಕಾದ ಪಾರ್ಕಿಂಗ್ ಕಟ್ಟಡದ ಮಾಳಿಗೆಯಿಂದ ಏರಿಸಿ, ಬೆಂಕಿ ನೋಡಲು 2,500 ಮೀಟರ್‌ಗೂ ದೂರ ಕಳಿಸಿ, ಅದನ್ನು ಕಣ್ಣಿನಿಂದ ಕಳಕೊಂಡಿದ್ದ. ತೆಂಗಿನಕಾಯಿಯ ಲೆಕ್ಕ ಇಲ್ಲಿ ಸೋಲುತ್ತದೆ, ಏಕೆಂದರೆ ವೇಗದ ವಿಮಾನವೇ ಬಂದು ಡ್ರೋನಿಗೆ ಬಡಿಯುವಾಗ ಡ್ರೋನಿನ ತೂಕ ಅರ್ಧ ಕಥೆ ಮಾತ್ರ. ಹಾಗಾಗಿ ಎರಡನೆಯ ಪ್ರಶ್ನೆ, ಅಂದರೆ ಎಲ್ಲಿ, ಯಾರ ದಾರಿಯಲ್ಲಿ ಎಂಬುದು ಮೊದಲನೆಯದಕ್ಕಿಂತ ದೊಡ್ಡದು. ಈತ ಮುರಿದದ್ದು ಎರಡು ನಿಯಮ: ಬೆಂಕಿಯ ಆಕಾಶಕ್ಕೆ ಹೋಗಬೇಡ, ಕಣ್ಣು ತಪ್ಪಿಸಬೇಡ. ಎರಡೂ ಪೂರ್ತಿ ನ್ಯಾಯವಾದವು, ಎಷ್ಟು ಬಿಗಿ ಮಾಡಿದರೂ ಅಡ್ಡಿಯಿಲ್ಲ. ಅವನಿಂದ ಇನ್ನೂ ಹತ್ತು ನಮೂನೆ ತುಂಬಿಸಿದ್ದರೆ ಕಟ್ಟಡದ ಮಾಳಿಗೆಯಲ್ಲಿ ಅವನ ಕೈ ತಡೆಯುತ್ತಿತ್ತು ಎಂದು ವಾದಿಸುವವರು ಆ ವಾದವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸಲಿ.

ಬೆಂಗಳೂರಿನವರಿಗೆ ಈ ಎಲ್ಲಿ ಎಂಬ ಪ್ರಶ್ನೆ ಬಹಳ ಹತ್ತಿರದ್ದು. ನಿಲ್ದಾಣದ ಬೇಲಿಯಿಂದ 8 ಕಿಲೋಮೀಟರ್ ಒಳಗೆ ಅನುಮತಿ ಇಲ್ಲದೆ ಏರುವಂತಿಲ್ಲ, 8ರಿಂದ 12ರ ನಡುವೆ 200 ಅಡಿ, ಅದರಾಚೆಯ ಹಸಿರು ವಲಯದಲ್ಲಿ 400 ಅಡಿ. ಈಗ ದೇವನಹಳ್ಳಿ, ಎಚ್‌ಎಎಲ್, ಯಲಹಂಕ, ಜಕ್ಕೂರುಗಳನ್ನು ನಕ್ಷೆಯಲ್ಲಿ ಗುರುತು ಮಾಡಿ ನೋಡಿ. ಎಸ್.ಪಿ. ರೋಡಿನಲ್ಲಿ ಮೋಟಾರು, ಸರ್ವೋ, ಲಿಪೋ ಬ್ಯಾಟರಿ ಕೊಂಡ ಕಾಲೇಜು ಹುಡುಗ ಅದನ್ನು ಹಾರಿಸಲು ಬಸ್ಸು ಹತ್ತಬೇಕು. ಇದರಲ್ಲಿ ದೂರುವಂಥದ್ದು ಏನಿಲ್ಲ, ಮೇಲೆ ನೂರಾರು ಜನ ಕೂತ ವಿಮಾನ ಇಳಿಯುತ್ತಿರುತ್ತದೆ. ಆದರೆ ಬಸ್ಸು ಇಳಿದಲ್ಲಿ ಒಂದು ಮೈದಾನ ಇರಬೇಕು. ಅಲ್ಲಿ ಹಿರಿಯ ಹವ್ಯಾಸಿಗಳು ಇರಬೇಕು, ಏಕೆಂದರೆ ಈ ಆಟದ ನಿತ್ಯದ ಅಪಾಯ 400 ಅಡಿ ಮೇಲಿಲ್ಲ, ಬೆರಳ ತುದಿಯಲ್ಲಿದೆ. ಹತ್ತು ಇಂಚಿನ ಪ್ರೊಪೆಲ್ಲರ್ ನಿಮಿಷಕ್ಕೆ 9,000 ಸುತ್ತು ಸುತ್ತುವಾಗ ಅದರ ತುದಿ ಗಂಟೆಗೆ 430 ಕಿಲೋಮೀಟರ್ ವೇಗದಲ್ಲಿರುತ್ತದೆ. ಬ್ಯಾಟರಿ ಸಿಕ್ಕಿಸುವ ಮುಂಚೆ ಟ್ರಾನ್ಸ್‌ಮಿಟರ್ ಆನ್ ಮಾಡಬೇಕು, ಥ್ರಾಟಲ್ ಪೂರ್ತಿ ಕೆಳಗಿರಬೇಕು, ಕೈ ಪ್ರೊಪೆಲ್ಲರಿನ ಹಿಂದಿರಬೇಕು, ಬೆಂಚಿನ ಮೇಲೆ ಪರೀಕ್ಷೆ ಮಾಡುವಾಗ ಪ್ರೊಪೆಲ್ಲರ್ ಬಿಚ್ಚಿಡಬೇಕು, ಉಬ್ಬಿದ ಲಿಪೋವನ್ನು ಮತ್ತೆ ಚಾರ್ಜಿಗೆ ಹಾಕಬಾರದು, ಚಾರ್ಜಿಗಿಟ್ಟು ಮಲಗಬಾರದು. ಈ ರಹಸ್ಯಗಳು 32 ಇವೆಯೋ ಇಲ್ಲವೋ, ಪೋರ್ಟಲಿನಲ್ಲಿ ಅರ್ಜಿ ತುಂಬಿ ಯಾರೂ ಇವನ್ನು ಕಲಿತಿಲ್ಲ. ಪಕ್ಕದಲ್ಲಿ ನಿಂತವರು ಗದರಿದಾಗ ಕಲಿತದ್ದು. ಹವ್ಯಾಸವನ್ನು ಕಾಗದದಲ್ಲಿ ಮುಳುಗಿಸಿದರೆ ಹಾರಿಸುವುದು ನಿಲ್ಲುವುದಿಲ್ಲ, ಗದರುವವರಿಲ್ಲದ ಜಾಗಕ್ಕೆ ಹೋಗುತ್ತದೆ.

ಇಷ್ಟಾಗಿಯೂ ಆಗಸ್ಟಿನ ಔದಾರ್ಯ ಆರು ತಿಂಗಳೊಳಗೆ ವಿಚಿತ್ರ ತಿರುವು ಪಡೆಯಿತು. 2022ರ ಫೆಬ್ರವರಿ 9ರಂದು ವಿದೇಶೀ ಡ್ರೋನುಗಳ ಆಮದನ್ನು, ಸಂಶೋಧನೆ, ರಕ್ಷಣೆ, ಭದ್ರತೆಗಳಿಗೆ ಬಿಟ್ಟು, ನಿಷೇಧಿಸಿದರು. ಬಿಡಿಭಾಗ ತರಿಸಬಹುದು, ಇಡೀ ಡ್ರೋನ್ ತರಿಸುವಂತಿಲ್ಲ. ದೇಶೀ ಕೈಗಾರಿಕೆ ಬೆಳೆಯಲೆಂಬ ಉದ್ದೇಶ ಒಪ್ಪತಕ್ಕದ್ದೇ, ಆದರೆ ಅದು ಸುರಕ್ಷತೆಯ ಕಾರಣವಲ್ಲ. ಹವ್ಯಾಸಿಗೆ ಹಾರಿಸುವ ಹಕ್ಕು ಬಂದಮೇಲೆ ಅಂಗಡಿಯ ಅರ್ಧ ಬಾಗಿಲು ಮುಚ್ಚಿತು. 2025ರ ಸೆಪ್ಟೆಂಬರಿನಲ್ಲಿ ಪ್ರಕಟವಾದ ನಾಗರಿಕ ಡ್ರೋನ್ ಮಸೂದೆಯ ಕರಡಿನಲ್ಲಿ ಜೈಲು ಶಿಕ್ಷೆಯ ಮಾತೂ ಬಂದಿದೆ. ಸಚಿವಾಲಯಕ್ಕೆ ಈ ಮೀಮಾಂಸಕನ ವಿಜ್ಞಾಪನೆ ಸರಳವಾದದ್ದು. ಜಿಲ್ಲೆಗೊಂದು ಮೈದಾನವನ್ನು ಮಾದರಿ ವಿಮಾನದವರಿಗೆ ಗುರುತು ಮಾಡಿ ಕೊಡಿ. 250 ಗ್ರಾಮಿನ ಆಟಿಕೆಗೆ ಆಮದಿನ ಬಾಗಿಲು ತೆರೆಯಿರಿ. ಜೈಲಿನ ಕಲಮು ಇಡಲೇಬೇಕೆಂದಿದ್ದರೆ ರನ್‌ವೇ ದಾರಿಯಲ್ಲಿ, ಕಾಡ್ಗಿಚ್ಚಿನ ಮೇಲೆ, ಜಾತ್ರೆಯ ಜನರ ನೆತ್ತಿಯ ಮೇಲೆ ಹಾರಿಸಿದವನಿಗೆ ಇಡಿ. ಅರ್ಜಿಯಲ್ಲಿ ಒಂದು ಕಾಲಂ ಖಾಲಿ ಬಿಟ್ಟ ಹುಡುಗನಿಗೆ ಬೇಡ.