ಗುಜರಿ ತಂಡದ ಮ್ಯಾನೇಜರು

ಕಲಾಸಿಪಾಳ್ಯದಲ್ಲಿ ಹಳೇ ಲಾರಿ ಸಾಮಾನಿನ ಅಂಗಡಿ ಇಟ್ಟವರು ಯಾವುದನ್ನೂ ಬಿಸಾಡುವುದಿಲ್ಲ. ಹಲ್ಲು ಸವೆದ ಗೇರು, ಸೋರುವ ರೇಡಿಯೇಟರು, ಜೋಡಿ ಕಳೆದುಕೊಂಡ ಬೇರಿಂಗು, ಎಲ್ಲಕ್ಕೂ ಅಂಗಡಿಯ ಮೂಲೆಯಲ್ಲೊಂದು ಜಾಗ ಇರುತ್ತದೆ. ಎಂದೋ ಒಂದು ದಿನ ಶಿರಾ ಕಡೆಯಿಂದಲೋ ಹೊಸೂರು ಕಡೆಯಿಂದಲೋ ಒಬ್ಬ ಡ್ರೈವರು ಬಂದು ಅದನ್ನೇ ಹುಡುಕುತ್ತಾನೆ ಎಂಬ ನಂಬಿಕೆಯ ಮೇಲೆ ಬೀದಿಗೆ ಬೀದಿಯೇ ಬದುಕುತ್ತದೆ. ಅಂಥ ಬೀದಿಯ ಅಂಗಡಿಯವರೊಬ್ಬರು ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ, ಗಿರಾಕಿ ಸುಳಿಯದ ಹೊತ್ತಿನಲ್ಲಿ, ಅಮೆರಿಕದ ಒಂದು ಬೇಸ್‌ಬಾಲ್ ಸಂಸ್ಥೆಯ ಮ್ಯಾನೇಜರಾಗಿರುತ್ತಾರೆ. ಹೆಸರು ಬೇಡ, ಮ್ಯಾನೇಜರು ಅಂದರೆ ಸಾಕು. ಹೆಸರು ಯಾಕೆ ಬೇಡ ಎನ್ನುವುದು ಮುಂದೆ ತಾನಾಗಿ ತಿಳಿಯುತ್ತದೆ.

ಈ ಆಟವನ್ನು ಲ್ಯಾಪ್‌ಟಾಪಿಗೆ ತುಂಬಿಕೊಟ್ಟು ಹೋದದ್ದು ನ್ಯೂಜೆರ್ಸಿಯಿಂದ ರಜೆಗೆ ಬಂದಿದ್ದ ಅಕ್ಕನ ಮಗ. ಹೆಸರು ‘ಔಟ್ ಆಫ್ ದ ಪಾರ್ಕ್ ಬೇಸ್‌ಬಾಲ್’. ಇದರಲ್ಲಿ ಬ್ಯಾಟು ಬೀಸುವ ಕೆಲಸವಿಲ್ಲ, ಚೆಂಡು ಎಸೆಯುವ ಕೆಲಸವೂ ಇಲ್ಲ. ಯಾರನ್ನು ಆಡಿಸಬೇಕು, ಯಾರನ್ನು ಕೂರಿಸಬೇಕು, ಯಾರಿಗೆ ಎಷ್ಟು ಸಂಬಳ, ಯಾರನ್ನು ಮನೆಗೆ ಕಳಿಸಬೇಕು ಎಂದು ತೀರ್ಮಾನಿಸಿ ಗುಂಡಿ ಒತ್ತಿದರೆ ಪಂದ್ಯ ತಾನೇ ನಡೆದು ಅಂಕಿಗಳು ಉದುರುತ್ತವೆ. ನಲವತ್ತು ವರ್ಷ ಖಾತೆ ಪುಸ್ತಕ ಬರೆದವರಿಗೆ ಇದು ಆಟವೇ ಅಲ್ಲ, ಕಸುಬು. ಬೇಸ್‌ಬಾಲ್ ಪಂದ್ಯವೊಂದನ್ನು ಮ್ಯಾನೇಜರು ಕಣ್ಣಾರೆ ಕಂಡಿಲ್ಲ ನಿಜ. ಆದರೆ 1999ರಲ್ಲಿ ಈ ಆಟದ ಮೊದಲ ಆವೃತ್ತಿ ತಂದ ಮಾರ್ಕುಸ್ ಹೈನ್‌ಸೋನ್ ಜರ್ಮನಿಯವರು. ಜರ್ಮನಿಯಲ್ಲಿ ಕೂತು ಬೇಸ್‌ಬಾಲ್ ಕಟ್ಟಬಹುದಾದರೆ ಕಲಾಸಿಪಾಳ್ಯದಲ್ಲಿ ಕೂತು ನಡೆಸಬಾರದೇ ಎನ್ನುವುದು ಅವರ ವಾದ. ವಾದದಲ್ಲಿ ಹುರುಳಿದೆ.

ಮೇಲಿನ ತಂಡದ ತಾರೆಗಳಲ್ಲಿ ಅವರಿಗೆ ಆಸಕ್ತಿ ಇಲ್ಲ. ಅವರ ಜೀವ ಇರುವುದು ಮೈನರ್ ಲೀಗಿನಲ್ಲಿ. ಅಮೆರಿಕದ ಮೇಜರ್ ಲೀಗಿನಲ್ಲಿ 30 ತಂಡ. ಒಂದೊಂದರ ಕೆಳಗೂ ಟ್ರಿಪಲ್ ಎ, ಡಬಲ್ ಎ, ಹೈ ಎ, ಸಿಂಗಲ್ ಎ ಎಂದು ನಾಲ್ಕು ಮೆಟ್ಟಿಲು. 2021ರಲ್ಲಿ ಎಲ್ಲ ಹೊಸದಾಗಿ ಜೋಡಿಸಿದ ಮೇಲೆ ಇಂಥ 120 ತಂಡಗಳು ಉಳಿದವು. ಅದಕ್ಕೂ ಕೆಳಗೆ ಎಳೆಯರ ಲೀಗುಗಳು. ನಮ್ಮ ರಾಜ್ಯ ಕ್ರಿಕೆಟ್ ಸಂಸ್ಥೆಯ ಲೀಗಿನಲ್ಲಿ ಮ್ಯಾಟಿಂಗ್ ಹಾಸಿ ಆಡುವ ಕೆಳಗಿನ ಡಿವಿಷನ್ನುಗಳನ್ನು ಕಂಡವರಿಗೆ ಈ ಏಣಿಯನ್ನು ವಿವರಿಸಬೇಕಿಲ್ಲ. 1920ರ ದಶಕದಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡಕ್ಕೆ ಬಲಿತ ಆಟಗಾರರನ್ನು ಕೊಳ್ಳುವ ದುಡ್ಡಿರಲಿಲ್ಲ. ಅದನ್ನು ನಡೆಸುತ್ತಿದ್ದ ಬ್ರಾಂಚ್ ರಿಕಿ, ಸಸಿಮಡಿ ಮಾಡಿದ ಹಾಗೆ ಸಣ್ಣ ಊರುಗಳ ತಂಡಗಳಲ್ಲಿ ಹುಡುಗರನ್ನು ಬೆಳೆಸತೊಡಗಿದ. ಮಡಿಯಲ್ಲಿ ಹಾಕಿದ ಸಸಿಯೆಲ್ಲ ಗದ್ದೆಗೆ ಹೋಗುವುದಿಲ್ಲ. ಉಳಿದವುಗಳ ಗತಿ ಏನು? ಮ್ಯಾನೇಜರ ಕಳವಳವೆಲ್ಲ ಅವುಗಳದ್ದೇ.

ಆಟಗಾರರ ಗುಣ ಅಳೆಯಲು ಅಲ್ಲಿನವರು 20ರಿಂದ 80ರವರೆಗಿನ ಒಂದು ಅಳತೆಗೋಲು ಇಟ್ಟುಕೊಂಡಿದ್ದಾರೆ. 50 ಅಂದರೆ ಮೇಜರ್ ಲೀಗಿನ ಸಾಧಾರಣ ಆಟಗಾರ. 20ಕ್ಕಿಂತ ಕೆಳಗೆ ಅಂಕವೇ ಇಲ್ಲ. ಎಷ್ಟೇ ದಡ್ಡನಾದರೂ ಅಷ್ಟು ಖಾತ್ರಿ, ನಮ್ಮ ಎಸ್ಸೆಸ್ಸೆಲ್ಸಿಯ 20 ಇಂಟರ್ನಲ್ ಮಾರ್ಕ್ಸಿನ ಹಾಗೆ. ಮ್ಯಾನೇಜರ ಸಿಂಗಲ್ ಎ ತಂಡದಲ್ಲಿ ಒಬ್ಬ ಕ್ಯಾಚರ್ ಇದ್ದಾನೆ. ಹೊಡೆತ 30, ಓಟ 20, ಕೈ 35. ಹತ್ತು ಸಲ ಬ್ಯಾಟು ಹಿಡಿದರೆ ಎರಡು ಸಲ ಚೆಂಡು ಸಿಕ್ಕರೆ ಹೆಚ್ಚು. ಕಂಪ್ಯೂಟರು ಅವನಿಗೊಂದು ಅಮೆರಿಕನ್ ಹೆಸರು ಇಟ್ಟಿದೆ. ಮ್ಯಾನೇಜರು ಇಟ್ಟ ಹೆಸರು ಸ್ಟೆಪ್ನಿ. ಲಾರಿಯ ಹಿಂದೆ ನೇತಾಡುವ ಟೈರಿನಂತೆ ಅವನೂ ಯಾವಾಗಲೂ ಜತೆಗಿರುತ್ತಾನೆ, ರಸ್ತೆಗಿಳಿಯುವುದು ಅಪರೂಪ. ಆದರೆ ಈ ಆಟ ಸ್ವಭಾವಕ್ಕೂ ಅಂಕ ಕೊಡುತ್ತದೆ. ಸ್ಟೆಪ್ನಿಯ ನಾಯಕತ್ವ, ದುಡಿಮೆ, ನಿಷ್ಠೆ ಮೂರೂ ಮೇಲ್ಮಟ್ಟದವು. ಅಂದರೆ ಮಗಳನ್ನು ಕೊಡಬಹುದಾದ ಹುಡುಗ, ಬ್ಯಾಟು ಕೊಡುವಂಥವನಲ್ಲ.

‘ಇವನನ್ನು ಬಿಡುಗಡೆ ಮಾಡುವುದು ಒಳ್ಳೆಯದು’ ಎಂದು ಆಟದೊಳಗಿನ ಸಹಾಯಕರು ಆಗಾಗ ಸಂದೇಶ ಕಳಿಸುತ್ತಾರೆ. ಅಂಗಡಿಯ ಹುಡುಗನೂ ಅದನ್ನೇ ಹೇಳಿದ.

“ಅಣ್ಣಾ, ಕಂಪ್ಯೂಟರೇ ತೆಗೆದಾಕಿ ಅಂತಿದೆ. ಇನ್ಯಾಕೆ ಇಟ್ಕೊಂಡಿದ್ದೀರಾ?”

“ಆ ಬೆಡ್‌ಫರ್ಡ್ ಸ್ಟೀರಿಂಗ್ ಬಾಕ್ಸು ಆರು ವರ್ಷ ಇಟ್ಕೊಂಡಿರ್ಲಿಲ್ವೇನೋ?”

“ಅದು ಇನ್ನೂ ಅಲ್ಲೇ ಇದೆಯಲ್ಲಣ್ಣಾ.”

ಮನೆಯಲ್ಲಿ ವಿಷಯ ಬೇರೆ ದಾರಿ ಹಿಡಿಯಿತು. ನ್ಯೂಜೆರ್ಸಿಯ ಹುಡುಗನ ಜತೆ ಫೋನಿನಲ್ಲಿ, “ಯಾರೇನೇ ಹೇಳ್ಲಿ, ಸ್ಟೆಪ್ನೀನ ಮಾತ್ರ ಕೈಬಿಡಲ್ಲ ಕಣೋ, ಇಷ್ಟು ವರ್ಷ ನನ್ನೇ ನಂಬ್ಕೊಂಡಿದೆ” ಎಂದು ಮ್ಯಾನೇಜರು ಗದ್ಗದಿತರಾಗಿದ್ದು ಅಡುಗೆಮನೆಗೆ ಕೇಳಿಸಿತು. ಸ್ಟೆಪ್ನಿ ಎಂಬ ಪದಕ್ಕೆ ಬೆಂಗಳೂರಿನಲ್ಲಿ ಇನ್ನೊಂದು ಅರ್ಥ ಇದೆ ಎನ್ನುವುದು ಓದುಗರಿಗೆ ಗೊತ್ತು. ಎರಡು ದಿನ ಕಾಫಿ ಬರಲಿಲ್ಲ. ಮೂರನೇ ದಿನ ಲ್ಯಾಪ್‌ಟಾಪ್ ತೆರೆದು ತೋರಿಸಿದರೆ, “ಇದಕ್ಕಾ ರೀ ಅಷ್ಟು ಅತ್ತಿದ್ದು?” ಎಂಬ ಮಾತು ಬಂತು. ಅದರಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚಿತ್ತಂತೆ.

ಈ ಹುಚ್ಚಿನ ಬೇರು 1978ರ ಸುಮಾರಿನ ಚಾಮರಾಜಪೇಟೆಯ ಒಂದು ಹಿಂದಿನ ಬೆಂಚಿನಲ್ಲಿದೆ. ಅಲ್ಲಿ ಸಮಾಜ ಪುಸ್ತಕದಲ್ಲಿ ಬುಕ್ ಕ್ರಿಕೆಟ್ ನಡೆಯುತ್ತಿತ್ತು. ಪುಸ್ತಕ ಥಟ್ಟನೆ ತೆರೆಯಬೇಕು. ಎಡಪುಟದ ಸಂಖ್ಯೆಯ ಕೊನೆಯ ಅಂಕಿ 2, 4, 6 ಆದರೆ ಅಷ್ಟು ರನ್, 8 ಆದರೆ ರನ್ ಇಲ್ಲ, ಸೊನ್ನೆ ಆದರೆ ಔಟು. ಎಡಪುಟ ಯಾವಾಗಲೂ ಸಮಸಂಖ್ಯೆ, ಹಾಗಾಗಿ ಐದು ಸಲಕ್ಕೆ ಒಮ್ಮೆ ವಿಕೆಟ್. ಲೆಕ್ಕ ಹಾಕಿದರೆ ಪ್ರತಿ ಬ್ಯಾಟ್ಸ್‌ಮನ್ನನ ಸರಾಸರಿ 12 ರನ್. ಪ್ರತಿಯೊಬ್ಬನದೂ! 91 ಟೆಸ್ಟುಗಳಲ್ಲಿ 6,080 ರನ್ ಹೊಡೆದ ಗುಂಡಪ್ಪ ವಿಶ್ವನಾಥರಿಗೂ 12, ಬಿ.ಎಸ್. ಚಂದ್ರಶೇಖರರಿಗೂ 12. ವಿಶ್ವನಾಥರಿಗೆ ಇದು ಘೋರ ಅನ್ಯಾಯ. ಆದರೆ ಚಂದ್ರ ಅವರ ನಿಜವಾದ ಟೆಸ್ಟ್ ಸರಾಸರಿ 4.07, ಸಮಾಜ ಪುಸ್ತಕ ಅವರನ್ನು ಮೂರು ಪಟ್ಟು ಬ್ಯಾಟ್ಸ್‌ಮನ್ ಮಾಡಿತು. 58 ಟೆಸ್ಟುಗಳಲ್ಲಿ ಅವರು ಹೊಡೆದದ್ದು 167 ರನ್, ಉರುಳಿಸಿದ್ದು 242 ವಿಕೆಟ್. ರನ್ನಿಗಿಂತ ವಿಕೆಟ್ಟೇ ಹೆಚ್ಚು. 1977–78ರ ಆಸ್ಟ್ರೇಲಿಯಾ ಪ್ರವಾಸದಲ್ಲಿ ಅವರು ಸೊನ್ನೆ ಸುತ್ತಿದ ಚಂದಕ್ಕೆ ನಡುವೆ ತೂತು ಕೊರೆದ ಬ್ಯಾಟೊಂದನ್ನು ಉಡುಗೊರೆ ಕೊಟ್ಟಿದ್ದರು. ಬೆಂಚಿನ ಹುಡುಗರು ಮಾತ್ರ ಚಂದ್ರ ಅವರನ್ನು ಓಪನಿಂಗ್ ಇಳಿಸುತ್ತಿದ್ದರು.

ಅವರ ಬೌಲಿಂಗಿನದೇ ದೊಡ್ಡ ಕಥೆ. ಬಾಲ್ಯದ ಪೋಲಿಯೋದಿಂದ ಅವರ ಬಲಗೈ ಸೊರಗಿತ್ತು. ಫೀಲ್ಡಿಂಗಿನಲ್ಲಿ ಚೆಂಡು ಎಸೆಯುತ್ತಿದ್ದದ್ದು ಎಡಗೈಯಲ್ಲಿ. 20ರಿಂದ 80ರ ಅಳತೆಗೋಲು ಹಿಡಿದ ಸ್ಕೌಟ್ ಒಬ್ಬ ಅವರನ್ನು ನೋಡಿದ್ದರೆ ಬಲಗೈಗೆ 20 ಬರೆದು ಪುಸ್ತಕ ಮುಚ್ಚಿ ಕಾಫಿಗೆ ಹೊರಡುತ್ತಿದ್ದ. ಅದೇ ಕೈ 1971ರಲ್ಲಿ ಲಂಡನ್ನಿನ ಓವಲ್‌ನಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು, ಇಂಗ್ಲೆಂಡಿನಲ್ಲಿ ಭಾರತಕ್ಕೆ ಮೊದಲ ಸರಣಿ ಗೆದ್ದುಕೊಟ್ಟಿತು. ಸ್ಕೌಟ್‌ಗಳ ಮಾತು ಬಂದಾಗಲೆಲ್ಲ ಮ್ಯಾನೇಜರು ಮೇಜಿನ ಮೇಲೆ ಹಾಕುವ ಮೊದಲ ಎಲೆ ಇದು.

ಎರಡನೆಯ ಎಲೆ ವಿಶ್ವನಾಥರೇ. ಭದ್ರಾವತಿಯ ಹುಡುಗ ತೀರಾ ಚಿಕ್ಕ ಆಳು ಎಂದು ಮೈಸೂರು ಶಾಲಾ ತಂಡಕ್ಕೆ ಆರಿಸಿರಲಿಲ್ಲ. 1967ರಲ್ಲಿ ರಣಜಿಗೆ ಕಾಲಿಟ್ಟ ಪಂದ್ಯದಲ್ಲೇ ಆಂಧ್ರದ ವಿರುದ್ಧ 230 ಹೊಡೆದರು. ಮೂರನೆಯದು ಸುನಿಲ್ ಜೋಶಿ. ಹುಡುಗನಾಗಿದ್ದಾಗ ಬೆಳಗಾಗುವ ಮೊದಲೇ ಗದಗದಿಂದ ಹುಬ್ಬಳ್ಳಿಗೆ ಪ್ರಾಕ್ಟೀಸಿಗೆ ಹೋಗಿ ಶಾಲೆಯ ಹೊತ್ತಿಗೆ ವಾಪಸಾಗುತ್ತಿದ್ದವರು. 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕದ ವಿರುದ್ಧ ಅವರ ಲೆಕ್ಕ: 10 ಓವರು, 6 ಮೇಡನ್, 6 ರನ್, 5 ವಿಕೆಟ್.

ತುರುಪಿನ ಎಲೆಯನ್ನು ಮಾತ್ರ ಅಮೆರಿಕದಿಂದಲೇ ತರಿಸುತ್ತಾರೆ. ಮೈಕ್ ಪಿಯಾಜಾ, ಕ್ಯಾಚರ್. ತಂಡಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ 1988ರ ಆಯ್ಕೆಯಲ್ಲಿ 62ನೇ ಸುತ್ತು, 1,390ನೆಯವ. ಅದೂ ಅವನ ತಂದೆಯ ಸ್ನೇಹಿತ, ಡಾಡ್ಜರ್ಸ್ ತಂಡದ ಮ್ಯಾನೇಜರ್ ಟಾಮಿ ಲಸೋರ್ಡಾನ ಮುಲಾಜಿಗೆ. ನಮ್ಮಲ್ಲಿ ಇದನ್ನು ಇನ್‌ಫ್ಲುಯೆನ್ಸ್ ಅನ್ನುತ್ತೇವೆ. ಆ ಇನ್‌ಫ್ಲುಯೆನ್ಸಿನ ಹುಡುಗ 427 ಹೋಮ್ ರನ್ ಬಾರಿಸಿ 2016ರಲ್ಲಿ ಹಾಲ್ ಆಫ್ ಫೇಮ್ ಸೇರಿದ. ಈಗ ಆಯ್ಕೆ 20 ಸುತ್ತಿಗೇ ಮುಗಿಯುತ್ತದೆ. 62ನೇ ಸುತ್ತಿನವನು ಇಂದು ಹುಟ್ಟಿದ್ದರೆ ಹಳೇ ಸಾಮಾನಿನ ಅಂಗಡಿಯನ್ನೇ ಇಡಬೇಕಿತ್ತು ಎಂದು ಮ್ಯಾನೇಜರು ನಿಟ್ಟುಸಿರು ಬಿಡುತ್ತಾರೆ.

ಇಷ್ಟೆಲ್ಲ ಹೇಳುವವರು ರಿಂಕು ಸಿಂಗ್ ಮತ್ತು ದಿನೇಶ್ ಪಟೇಲರ ಮಾತು ಬಂದರೆ ಚಹಾ ತರಿಸುತ್ತಾರೆ, ಅಂದರೆ ವಿಷಯ ಬದಲಿಸುತ್ತಾರೆ. ಉತ್ತರ ಪ್ರದೇಶದ ಈ ಇಬ್ಬರು ಜಾವೆಲಿನ್ ಹುಡುಗರು 2008ರಲ್ಲಿ ‘ಮಿಲಿಯನ್ ಡಾಲರ್ ಆರ್ಮ್’ ಸ್ಪರ್ಧೆಯಲ್ಲಿ ಆರಿಸಿಬಂದು ಪಿಟ್ಸ್‌ಬರ್ಗ್ ಪೈರೇಟ್ಸ್ ಸೇರಿದರು. 2014ರಲ್ಲಿ ಅವರ ಮೇಲೆ ಸಿನಿಮಾನೂ ಬಂತು. ಮೇಜರ್ ಲೀಗ್ ಮಾತ್ರ ಬರಲಿಲ್ಲ. ದಿನೇಶ್ ಊರಿಗೆ ಮರಳಿದರು, ರಿಂಕು ಕುಸ್ತಿಯ ಅಖಾಡಕ್ಕೆ ಹೋದರು. ಚಂದ್ರಶೇಖರರೂ ಪಿಯಾಜಾನೂ ಸಾವಿರಕ್ಕೊಬ್ಬರು ಎನ್ನುವುದನ್ನು ಮ್ಯಾನೇಜರು ಬಾಯಿಬಿಟ್ಟು ಒಪ್ಪುವುದಿಲ್ಲ. ಅವರ ತಂಡದ ಸ್ಥಾನಪಟ್ಟಿ ಅವರ ಪರವಾಗಿ ಒಪ್ಪಿಕೊಳ್ಳುತ್ತದೆ. ಸತತ ನಾಲ್ಕು ಸೀಸನ್ ಕೊನೆಯ ಸ್ಥಾನ.

ಸಂಬಳದ ಮಾತಿಗೆ ಮಾತ್ರ ಅವರು ನಿಜಕ್ಕೂ ಕರಗುತ್ತಾರೆ. ಮೈನರ್ ಲೀಗಿನ ತೀರಾ ಕೆಳಹಂತದ ಹುಡುಗನಿಗೆ ವರ್ಷಕ್ಕೆ ಕನಿಷ್ಠ 4,800 ಡಾಲರ್ ಸಿಗುತ್ತಿತ್ತು. 2023ರಲ್ಲಿ ಮೊದಲ ಬಾರಿಗೆ ಆಟಗಾರರ ಒಕ್ಕೂಟದ ಜತೆ ಒಪ್ಪಂದವಾಗಿ 19,800 ಆಯಿತು. ಕಲಾಸಿಪಾಳ್ಯ ಎಂಬ ಹೆಸರೇ ಖಲಾಸಿಗಳಿಂದ ಬಂದದ್ದು ಎನ್ನುವುದುಂಟು: ದಂಡಿನ ಡೇರೆ ಹೊಡೆಯುವ, ಗಂಟುಮೂಟೆ ಹೊರುವ ಆಳುಗಳು. ಯುದ್ಧ ಗೆದ್ದವರ ಹೆಸರಿನಲ್ಲಿ ಊರ ತುಂಬ ರಸ್ತೆಗಳಿವೆ, ಡೇರೆ ಹೊಡೆದವರ ಹೆಸರಿನಲ್ಲಿ ಇದೊಂದು ಪಾಳ್ಯ. ಹಾಗಾಗಿ ತಾನು ಕೂರಬೇಕಾದ ಜಾಗದಲ್ಲೇ ಕೂತಿದ್ದೇನೆ ಎಂದು ಮ್ಯಾನೇಜರು ಗಲ್ಲಾಪೆಟ್ಟಿಗೆ ತಟ್ಟಿ ಹೇಳುತ್ತಾರೆ.

ಕಳೆದ ವಾರ ಒಬ್ಬ ಗಿರಾಕಿ ಬಂದು ಬೆಡ್‌ಫರ್ಡ್ ಸ್ಟೀರಿಂಗ್ ಬಾಕ್ಸ್ ಇದೆಯಾ ಎಂದು ಕೇಳಿದ. ಹುಡುಗ ಓಡಿ ತಂದು ಧೂಳು ಒರೆಸಿ ಮುಂದಿಟ್ಟ. ತಿರುಗಿಸಿ ಮುರುಗಿಸಿ ನೋಡಿದವನು, ಇದು ಬೇರೆ ಮಾಡೆಲ್ಲು ಎಂದು ಹೊರಟುಹೋದ. ಬಾಕ್ಸು ಮತ್ತೆ ಮೂಲೆಗೆ ಹೋಯಿತು. ಆಟದ ಲೆಕ್ಕದಲ್ಲಿ ಸ್ಟೆಪ್ನಿಗೆ ಈಗ 29 ವರ್ಷ, ಸರಾಸರಿ ಇನ್ನೂ ಹತ್ತಕ್ಕೆ ಎರಡರಲ್ಲೇ ಇದೆ. ಅವತ್ತೇ ಮಧ್ಯಾಹ್ನ ಅವನ ಒಪ್ಪಂದವನ್ನು ಇನ್ನೊಂದು ವರ್ಷಕ್ಕೆ ಮುಂದುವರಿಸಲಾಗಿದೆ.